ಮಾಟುಂಗಾದ ಹದಿನೈದು ಆಂಪ್ ಪ್ಲಗ್ಗು

ಬೆಳಗಾವಿಯಿಂದ ಬೆಳಿಗ್ಗೆ ಐದೂವರೆಗೆ ಹೊರಟಾಗ ಬ್ಯಾಟರಿ ನೂರಕ್ಕೆ ನೂರು ತುಂಬಿತ್ತು. ಕರಾಡ ಬರುವಷ್ಟರಲ್ಲಿ 31ಕ್ಕೆ ಇಳಿಯಿತು. ನಮ್ಮದು ನೆಕ್ಸಾನ್ ಇವಿ, 40.5 ಯೂನಿಟ್ ಹಿಡಿಸುವ ಬ್ಯಾಟರಿ. ಅದರಲ್ಲಿ ಇಷ್ಟು ದೂರ ಹೊರಟಿದ್ದು ಇದೇ ಮೊದಲು. ಮುಂಬೈಯ ಮಾಟುಂಗಾದಲ್ಲಿರುವ ಸೋದರಮಾವನಿಗೆ ಎಪ್ಪತ್ತೈದು ತುಂಬುತ್ತಿತ್ತು. ರೈಲಿಗೆ ಹೋಗಬಹುದಿತ್ತು, ಆದರೆ ಮಾವನಿಗೆ ನಮ್ಮ ಕಾರು ತೋರಿಸುವ ಆಸೆ ನನಗಿತ್ತು.

ಕರಾಡದ ಹತ್ತಿರ ಒಂದು ಪೆಟ್ರೋಲ್ ಬಂಕಿನಲ್ಲಿ ಚಾರ್ಜರ್ ಇದೆ ಅಂತ ಮೊಬೈಲ್ ಹೇಳಿತು. ಹಸಿರು ಬಣ್ಣದಲ್ಲಿ ತೋರಿಸುತ್ತಿತ್ತು, ಅಂದರೆ ಖಾಲಿ ಇದೆ, ಬನ್ನಿ ಅಂತ. ಹೋಗಿ ನೋಡಿದರೆ ಪರದೆ ಕಪ್ಪಾಗಿತ್ತು. ಕಾರಿಗೆ ಸಿಕ್ಕಿಸುವ ಗನ್ ಇಡುವ ಗೂಡಿನಲ್ಲಿ ಜೇಡ ಬಲೆ ಕಟ್ಟಿತ್ತು. ಬಲೆಯ ಮೇಲೆ ಹೆದ್ದಾರಿ ಧೂಳು ದಪ್ಪಗೆ ಕೂತಿತ್ತು, ಅಂದರೆ ಬಲೆಯೂ ಇವತ್ತಿನದಲ್ಲ. ಬಂಕಿನ ಹುಡುಗ "ಮೂರು ವಾರ ಆಯ್ತು, ಯಾರೂ ಬಂದಿಲ್ಲ" ಅಂದ. ಸಹಾಯವಾಣಿಯಲ್ಲಿ ಹಾಡು ಕೇಳಿಸಿತು, ಮನುಷ್ಯರ ದನಿ ಬರಲಿಲ್ಲ. ಹೆಂಡತಿ ಏನೂ ಮಾತಾಡದೆ ಎಸಿ ಆಫ್ ಮಾಡಿ ಕಿಟಕಿ ಇಳಿಸಿದಳು. ಮುಂದಿನ ಚಾರ್ಜರಿಗೆ ಇನ್ನೂ ನಲವತ್ತು ಕಿಲೋಮೀಟರ್. ಅರವತ್ತರ ಮೇಲೆ ಹೋಗದೆ, ಲಾರಿಗಳಿಗೆ ದಾರಿ ಬಿಟ್ಟುಕೊಡುತ್ತಾ ಹೋದೆವು.

ಸಾತಾರಾ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ ಆ ಹೋಟೆಲ್ ಸಿಕ್ಕಿತು. ಮಾಲೀಕರು ಕುಂದಾಪುರದ ಕಡೆಯವರು. ಕನ್ನಡ ಕೇಳಿದ್ದೇ ತಡ, ಹೊರಗೆ ಬಂದು ತಾವೇ ಗನ್ ಸಿಕ್ಕಿಸಿ ಕೊಟ್ಟರು. 17ರಿಂದ 85ಕ್ಕೆ ಏರಲು ಸುಮಾರು ಒಂದು ಗಂಟೆ ಬೇಕಿತ್ತು. ಆ ಹೊತ್ತಿನಲ್ಲಿ ಬನ್ಸ್ ತಿಂದು, ಚಾರ್ಜರ್ ಅಂದರೆ ಏನು ಅಂತ ಅವರಿಂದ ಕಲಿತೆವು.

ಯಂತ್ರದ ಪಕ್ಕದಲ್ಲಿ ಒಂದು ಜಾಲರಿ ಇದೆ. ಒಳಗಿನ ಫ್ಯಾನು ಅಲ್ಲಿಂದ ಗಾಳಿ ಎಳೆಯುತ್ತದೆ. ಹೆದ್ದಾರಿ ಧೂಳಿಗೆ ಅದು ಕಟ್ಟಿಕೊಂಡರೆ ಯಂತ್ರ ಬಿಸಿಯಾಗಿ, ಮೊದಲು ವೇಗ ಇಳಿಸುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಅವರು ಪ್ರತಿ ಸೋಮವಾರ ಆ ಜಾಲರಿ ಬಿಚ್ಚಿ ಬ್ಲೋವರ್ ಹಿಡಿಯುತ್ತಾರೆ. ಸಂಜೆ ಗನ್ನಿನ ಪಿನ್ನುಗಳನ್ನು ಒಣ ಬಟ್ಟೆಯಲ್ಲಿ ಒರೆಸುತ್ತಾರೆ. "ಇದು ಕಂಪನಿಯವರ ಕೆಲಸ ಅಲ್ವಾ?" ಅಂದೆ. "ಹೌದು. ಆದರೆ ಯಂತ್ರ ನಿಂತರೆ ಗಿರಾಕಿ ಬೈಯೋದು ನನಗೆ" ಅಂದರು. ಮತ್ತೆ ಹೋಗಿ ಒಂದು ಟೇಬಲ್ ಒರೆಸಿ ಬಂದರು.

ಹೋಟೆಲಿನವರೂ ಚಾರ್ಜರ್ ಹಾಕಬಹುದು ಅನ್ನೋದೇ ದೊಡ್ಡ ಅನುಕೂಲ. ಕರೆಂಟ್ ಮಾರಲು ಲೈಸೆನ್ಸ್ ಬೇಕು. ಆದರೆ ಗಾಡಿ ಚಾರ್ಜ್ ಮಾಡಿಕೊಡೋದು ಮಾರಾಟ ಅಲ್ಲ, ಸೇವೆ ಅಂತ ಕೇಂದ್ರದ ವಿದ್ಯುತ್ ಸಚಿವಾಲಯ 2018ರಲ್ಲೇ ಸ್ಪಷ್ಟ ಮಾಡಿತು. ಅದೇ ಮಾತಿನ ಇನ್ನೊಂದು ಮುಖ ಬಿಲ್ಲಿನಲ್ಲಿ ಕಾಣುತ್ತದೆ. ಸೇವೆ ಆದ್ದರಿಂದ 18% ಜಿಎಸ್‌ಟಿ. ಕಾರು ಕೊಂಡಾಗ ಕಟ್ಟಿದ್ದು 5% ಮಾತ್ರ. ಮನೆಯಲ್ಲಿ ಪ್ಲಗ್ ಇರುವವರಿಗೆ ಇದರ ಬಿಸಿ ತಟ್ಟುವುದಿಲ್ಲ. ಮನೆಯಲ್ಲಿ ಜಾಗ ಇಲ್ಲದೆ ದಿನಾ ಹೊರಗೆ ಚಾರ್ಜ್ ಮಾಡಿಸುವವರಿಗೆ ತಟ್ಟುತ್ತದೆ. ಇದು ಸರಿಯಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಎಲೆಕ್ಟ್ರಿಕ್ ಗಾಡಿಗಳಿಗೆ ನೆರವು ಕೊಡುವ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯ 10,900 ಕೋಟಿಯಲ್ಲಿ 2,000 ಕೋಟಿ ಸಾರ್ವಜನಿಕ ಚಾರ್ಜರುಗಳಿಗೇ ಮೀಸಲು. ಆ ಹಣದಲ್ಲಿ ಸ್ವಲ್ಪ ಜಾಲರಿ ಬಿಚ್ಚಿ ಧೂಳು ತೆಗೆಯುವ ಕೈಗಳಿಗೂ ಹೋಗಬೇಕು.

ಪುಣೆಯಲ್ಲಿ ರಾತ್ರಿ ಉಳಿದಿದ್ದು ಚಿಕ್ಕಪ್ಪನ ಮಗನ ಮನೆಯಲ್ಲಿ. ಅವನು ಕಲಬುರಗಿಯಲ್ಲಿ ಡಿಪ್ಲೊಮಾ ಮುಗಿಸಿ ಬಂದು ಹನ್ನೆರಡು ವರ್ಷ ಆಯಿತು, ಚಾಕಣದಲ್ಲಿ ಮೋಟಾರು ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಲ್ಲಿದ್ದಾನೆ. ಮರುದಿನ ಬೆಳಿಗ್ಗೆ ನಮ್ಮನ್ನು ಒಂದು ಸುತ್ತು ಕರೆದುಕೊಂಡು ಹೋದ. ಬಜಾಜ್ ಕಾರ್ಖಾನೆಯ ಅಕುರ್ಡಿ ದಾಟುವಾಗ ನನಗೆ ಅಪ್ಪನ ಚೇತಕ್ ಸ್ಕೂಟರ್ ನೆನಪಾಯಿತು. ಚಳಿಗಾಲದಲ್ಲಿ ಅದನ್ನು ಒಂದು ಕಡೆ ವಾಲಿಸಿ, ಆಮೇಲೆ ಒದೆಯಬೇಕಿತ್ತು. ಅದೇ ಹೆಸರಿನ ಎಲೆಕ್ಟ್ರಿಕ್ ಸ್ಕೂಟರನ್ನು ಬಜಾಜ್ 2020ರ ಜನವರಿಯಲ್ಲಿ ಮೊದಲು ಮಾರಿದ್ದು ಪುಣೆ ಮತ್ತು ಬೆಂಗಳೂರಿನಲ್ಲಿ. ನಮ್ಮ ಕಾರು ಹುಟ್ಟಿದ್ದೂ ಪುಣೆ ಹತ್ತಿರದ ರಾಂಜಣಗಾವ್‌ನಲ್ಲೇ. ಮಹೀಂದ್ರಾದ ಹೊಸ ಎಲೆಕ್ಟ್ರಿಕ್ ಕಾರುಗಳು ಚಾಕಣದಿಂದಲೇ ಹೊರಬರುತ್ತವೆ. ಆ ಕಂಪನಿ 2010ರಲ್ಲಿ ಬೆಂಗಳೂರಿನ ಎಲೆಕ್ಟ್ರಿಕ್ ಕಾರು ಕಂಪನಿ ರೇವಾವನ್ನು ಕೊಂಡಾಗ ಈ ವಿದ್ಯೆಯ ಒಂದು ಬೇರು ನಮ್ಮ ಕಡೆಯಿಂದ ಇಲ್ಲಿಗೆ ಬಂದಿತ್ತು ಅನ್ನೋದು ನನಗೆ ಖುಷಿಯ ವಿಷಯ.

ಚಾಕಣದ ಚಹಾ ಅಂಗಡಿಯಲ್ಲಿ ನಿಂತರೆ ಕನ್ನಡ, ಮರಾಠಿ, ಹಿಂದಿ ಒಟ್ಟಿಗೆ ಕಿವಿಗೆ ಬೀಳುತ್ತವೆ. ಚಿಕ್ಕಪ್ಪನ ಮಗ ಜೇಬಿನಿಂದ ಒಂದು ಕಪ್ಪು ಬಿಲ್ಲೆ ತೆಗೆದು ಅಂಗಡಿಯ ಕಬ್ಬಿಣದ ಕಂಬಕ್ಕೆ ಹಚ್ಚಿದ. ಟಪ್ ಅಂತ ಅಂಟಿಕೊಂಡಿತು. ಎಳೆದು ತೆಗೆಯಲು ನನ್ನಿಂದ ಆಗಲಿಲ್ಲ.

"ಇದ ನೋಡಣ್ಣಾ, ಮೋಟಾರಿನ ಜೀವ" ಅಂದ. "2025ರ ಏಪ್ರಿಲ್‌ದಾಗ ಚೀನಾದವರು ಇದನ್ನ ಹೊರಗ ಕಳಸೋದಕ್ಕ ಬಿಗಿ ಮಾಡಿದ್ರು. ಬಾಡಿ ರೆಡಿ, ಬ್ಯಾಟರಿ ರೆಡಿ, ಇದೊಂದ ಇಲ್ಲ. ನಮಗ ವಾರದಾಗ ಮೂರು ದಿನ ಕೆಲಸ."

ಅಪರೂಪದ ಲೋಹಗಳಿಂದ ಮಾಡಿದ ಆಯಸ್ಕಾಂತ ಅದು. ಅಂಗೈಯಲ್ಲಿಟ್ಟರೆ ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಬ್ಯಾಟರಿಯೊಳಗಿನ ಸೆಲ್‌ಗಳ ಕಥೆಯೂ ಹೆಚ್ಚು ಕಡಿಮೆ ಹೀಗೇ, ಜಾಸ್ತಿ ಬರೋದು ಹೊರಗಿನಿಂದ. ಸೆಲ್‌ಗಳನ್ನು ಇಲ್ಲೇ ಮಾಡಲಿ ಅಂತ ಸರ್ಕಾರ 2021ರಲ್ಲಿ 18,100 ಕೋಟಿಯ ಯೋಜನೆ ತಂದಿತು. ಅದು ಕೈಗೂಡಬೇಕು ಅಂತ ನಾನು ಮನಸಾರೆ ಬಯಸುತ್ತೇನೆ. ಆ ಮೂರು ದಿನದ ವಾರಗಳಲ್ಲಿ ಮನೆ ಕಂತು ಹೇಗೆ ಕಟ್ಟಿದೆ ಅಂತ ಚಿಕ್ಕಪ್ಪನ ಮಗನನ್ನು ಕೇಳಿದೆ. ಬಿಲ್ಲೆಯನ್ನು ಕಂಬದ ಮೇಲೆ ಜಾರಿಸಿ, ಅಂಚಿನಿಂದ ಕಿತ್ತು ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ಮುಂಬೈ ದಾರಿ ಹಿಡಿದೆವು. ಪುಣೆಯಲ್ಲಿ 80 ಇದ್ದದ್ದು ಖಂಡಾಲಾ ಘಾಟಿನ ತುದಿಯಲ್ಲಿ 58 ಆಗಿತ್ತು. ಬ್ರೇಕಿಗೆ ಬದಲು ಮೋಟಾರೇ ಗಾಡಿಯನ್ನು ಹಿಡಿಯುವಂತೆ ಇಟ್ಟು ಇಳಿಯತೊಡಗಿದೆ. ಇಳಿಯುವಾಗ ಮೋಟಾರು ಡೈನಮೋ ಆಗಿ ಬ್ಯಾಟರಿಗೆ ಕರೆಂಟು ತುಂಬುತ್ತದೆ. ಹೆಂಡತಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಐವತ್ತೊಂಬತ್ತು" ಅಂದಳು. ಕಣಿವೆಯ ಮಂಜು, ಹಳೆಯ ರೈಲು ಸುರಂಗಗಳು, ಪಕ್ಕದಲ್ಲಿ ಬ್ರೇಕಿನ ವಾಸನೆ ಬಿಡುತ್ತಾ ಇಳಿಯುವ ಲಾರಿಗಳು. ಕೆಳಗೆ ಮುಟ್ಟಿದಾಗ "ಅರವತ್ತು!" ಅಂತ ಕೂಗಿದಳು.

ಎಕ್ಸ್‌ಪ್ರೆಸ್‌ವೇ ಬಿಟ್ಟು ಖೋಪೋಲಿಯಲ್ಲಿ ಹತ್ತು ನಿಮಿಷ ನಿಲ್ಲಿಸಿದೆ. ಬೆಟ್ಟದ ಮೈಮೇಲೆ ದಪ್ಪ ಕೊಳವೆಗಳು ಇಳಿದು ಬಂದಿವೆ. ಮೇಲೆ ಲೋಣಾವಳಾದ ಕೆರೆಗಳ ನೀರು, ಕೆಳಗೆ ಟಾಟಾದವರ ವಿದ್ಯುತ್ ಮನೆ. 1915ರಿಂದ ಇಲ್ಲಿನ ಕರೆಂಟು ಮುಂಬೈಯ ಹತ್ತಿ ಮಿಲ್ಲುಗಳನ್ನು ಓಡಿಸಿತು. ನಮ್ಮ ಕಾರು ಈಗಷ್ಟೇ ಇಳಿದು ಎರಡು ಅಂಕಿ ಗಳಿಸಿದ ಅದೇ ಎತ್ತರದಿಂದ ನೀರು ನೂರಕ್ಕೂ ಹೆಚ್ಚು ವರ್ಷದಿಂದ ಇಳಿಯುತ್ತಾ ಬಂದಿದೆ. ಅಲ್ಲಿ ನಿಂತಾಗ ನನ್ನ ಕಾರು ಹೊಸದು ಅಂತ ಅನಿಸಲೇ ಇಲ್ಲ.

ಅಟಲ್ ಸೇತುವೆ ಮೇಲೆ ಟೋಲ್ ಕೊಡಲಿಲ್ಲ. 2025ರ ಆಗಸ್ಟಿನಿಂದ ಎಲೆಕ್ಟ್ರಿಕ್ ಕಾರುಗಳಿಗೆ ಅಲ್ಲಿ ವಿನಾಯಿತಿ. ಸಮುದ್ರದ ಮೇಲಿಂದ ಶಿವಡಿಗೆ ಇಳಿದು, ಸಂಜೆ ಮಾಟುಂಗಾ ತಲುಪಿದಾಗ 33 ಉಳಿದಿತ್ತು.

ಮಾವನ ಕಟ್ಟಡ ಮೂರು ಮಹಡಿಯ ಹಳೇ ಕಟ್ಟಡ. ಉಡುಪಿಯವರು, ಮೈಸೂರಿನವರು, ತಮಿಳರು, ಗುಜರಾತಿಗಳು ಇದ್ದಾರೆ. ನಾವು ಬರುತ್ತೇವೆ ಅಂತ ಮಾವ ತಿಂಗಳ ಮೊದಲೇ ಸೊಸೈಟಿಗೆ ಅರ್ಜಿ ಕೊಟ್ಟು, ಲೋಹಾರ್ ಚಾಳ್‌ಗೆ ಹೋಗಿ ಸಬ್ ಮೀಟರ್ ತಂದು, ನೀರಿನ ಪಂಪಿನ ಪಕ್ಕ ಒಂದು ಹದಿನೈದು ಆಂಪ್ ಪ್ಲಗ್ ಹಾಕಿಸಿದ್ದರು. ನನಗೆ ಮಾತೇ ಹೊರಡಲಿಲ್ಲ. ಕಾರಿನ ವೈರು ಸಿಕ್ಕಿಸಿದೆ. ಕೆಂಪು ದೀಪ ಬಂತು. ಮತ್ತೆ ಸಿಕ್ಕಿಸಿದೆ. ಮತ್ತೆ ಕೆಂಪು.

ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಹಿಡಿದು ತಲೆ ಆಡಿಸಿದ. ಅರ್ಥಿಂಗ್ ಸರಿಯಿಲ್ಲ. ಪಂಪು ಇಷ್ಟು ವರ್ಷ ಹಾಗೇ ಓಡುತ್ತಿತ್ತು, ಕಾರು ಒಪ್ಪಲಿಲ್ಲ. ತುಳಸಿ ಕಟ್ಟೆಯಿಂದ ನಾಲ್ಕು ಹೆಜ್ಜೆ ಆಚೆ ಹೊಸ ರಾಡ್ ಹೊಡೆದರು. ವಾಚ್‌ಮನ್ ಎರಡು ಬಕೆಟ್ ನೀರು ಸುರಿದ. ಮಾವ ಟಾರ್ಚ್ ಹಿಡಿದು ನಿಂತು ಮಾತಾಡುತ್ತಲೇ ಇದ್ದರು. "ಈ ಊರು ಕರೆಂಟಿನ ಮೇಲೇ ಓಡೋದಪ್ಪಾ. 1925ರ ಫೆಬ್ರವರಿ 3ಕ್ಕೆ ವಿಟಿಯಿಂದ, ಅದೇ ಈಗಿನ ಸಿಎಸ್‌ಎಂಟಿ ಸ್ಟೇಷನ್, ಕುರ್ಲಾಕ್ಕೆ ಮೊದಲ ಎಲೆಕ್ಟ್ರಿಕ್ ರೈಲು. ಭಾನುವಾರ ರಿಪೇರಿಗೆ ಅಂತ ರೈಲು ನಿಲ್ಲಿಸೋ ಮೆಗಾ ಬ್ಲಾಕ್ ಅಂದ್ರೆ ಎಲ್ರೂ ಬೈತಾರೆ. ಆದ್ರೆ ಆ ದಿನ ಯಾರೋ ತಂತಿ ನೋಡ್ತಾ ಇರ್ತಾರೆ. ಅದಕ್ಕೇ ಸೋಮವಾರ ನಾವು ಆಫೀಸಿಗೆ ಹೋಗೋದು."

ಒಂಬತ್ತೂವರೆಗೆ ಹಸಿರು ದೀಪ ಬಂತು.

ಬೆಳಿಗ್ಗೆ ಏಳಕ್ಕೆ ಕೆಳಗೆ ಹೋದಾಗ ಮಾವ ಆಗಲೇ ಮೀಟರ್ ಮುಂದೆ ಕೂತಿದ್ದರು. ಹೊಸ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ತಾರೀಕು, ನನ್ನ ಹೆಸರು, 25.8 ಯೂನಿಟ್. ಅವರ ಹಿಂದೆ ಮೂರನೇ ಮಹಡಿಯ ಹುಡುಗಿ ನಿಂತಿದ್ದಳು. ದಿನಾ ರಾತ್ರಿ ಸ್ಕೂಟರಿನ ಬ್ಯಾಟರಿಯನ್ನು ಮೆಟ್ಟಿಲು ಹತ್ತಿಸಿ ಮನೆಗೆ ಹೊತ್ತುಕೊಂಡು ಹೋಗುವವಳು. "ಅಂಕಲ್, ಇವತ್ತು ರಾತ್ರಿ ನಾನು ಹಾಕಲಾ?" ಅಂದಳು. ಮಾವ ಎರಡನೇ ಸಾಲಿನಲ್ಲಿ ಅವಳ ಹೆಸರು ಬರೆದರು.