ಬಿಸಿನೀರಿನ ಚೀಲ ಮತ್ತು ಮಾವನ ಫೋನು

ಬಿಚ್ಚುವಾಗ ಫೋನಿನ ಹಿಂಬದಿಯ ಗಾಜು ಒಡೆಯುವುದು ಹೆಚ್ಚಾಗಿ ಮೊದಲ ಒಂದು ಮಿಲಿಮೀಟರಿನಲ್ಲಿ. ಗಾಜಿಗೂ ಫ್ರೇಮಿಗೂ ನಡುವೆ ಒಂದು ಸಣ್ಣ ಸಂದು ಬೀಳುವ ತನಕ ಎಲ್ಲರ ಕೈಯೂ ಅವಸರ ಮಾಡುತ್ತದೆ. ಆ ಸಂದು ಬಿತ್ತು ಅಂದರೆ ಮುಕ್ಕಾಲು ಕೆಲಸ ಮುಗಿಯಿತು. ಶಿವಮೊಗ್ಗದ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತ ದಿನಗಳಿಂದಲೂ ಇದು ನನಗೆ ಗೊತ್ತು. ಆದರೆ ಪೂರ್ತಿ ಮನದಟ್ಟಾಗಿದ್ದು ತೀರ್ಥಹಳ್ಳಿ ಹತ್ತಿರದ ಮಾವನ ಮನೆಯಲ್ಲಿ, ಕರೆಂಟ್ ಇಲ್ಲದ ಒಂದು ಮಧ್ಯಾಹ್ನ.

ಮಾವನ ಫೋನಿಗೆ ಆರು ವರ್ಷ. ಪರದೆ ಚೆನ್ನಾಗಿದೆ, ಕ್ಯಾಮೆರಾ ಚೆನ್ನಾಗಿದೆ, ಮಾತು ಸ್ಪಷ್ಟವಾಗಿ ಕೇಳುತ್ತದೆ. ಸೋತಿದ್ದು ಬ್ಯಾಟರಿ ಮಾತ್ರ. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿಕೊಂಡು ತೋಟಕ್ಕೆ ಇಳಿದರೆ ಊಟದ ಹೊತ್ತಿಗೆ ಸ್ವಿಚ್ ಆಫ್. ಆಷಾಢದ ದಿನಗಳು. ಕೊಳೆ ರೋಗ ಬಾರದಂತೆ ಅಡಿಕೆಗೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಸಬೇಕಿತ್ತು. ಮಳೆ ಒಂದೆರಡು ಗಂಟೆ ಹೊಳವಾದರೂ ಸಾಕು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರಿಗೆ ತಕ್ಷಣ ಫೋನ್ ಹೋಗಬೇಕು. ಅಂಥ ಹೊತ್ತಲ್ಲಿ ಫೋನ್ ಸತ್ತಿದ್ದರೆ ಕೊಳೆ ರೋಗ ಕಾಯುತ್ತದಾ?

ಪೇಟೆಯ ಅಂಗಡಿಯೊಂದರಲ್ಲಿ ಕೇಳಿದ್ದಕ್ಕೆ, "ಹಿಂದಿನ ಗ್ಲಾಸ್ ಒಡೆದರೆ ನಾವು ಜವಾಬ್ದಾರರಲ್ಲ" ಅಂದರಂತೆ. ಮಾವ ಫೋನ್ ವಾಪಸ್ ತಂದು ನನಗೆ ಹೇಳಿದರು. "ನೀನೇ ಬಿಚ್ಚು ಮಾರಾಯ್ತಿ. ಒಡೆದ್ರೆ ನಿನ್ನ ಕೈಯಲ್ಲೇ ಒಡೀಲಿ."

ಹಾಗಾಗಿ ಹೊಸ ಬ್ಯಾಟರಿ, ಆ ಮಾಡೆಲ್ಲಿಗೇ ಕತ್ತರಿಸಿ ಬರುವ ಗಮ್ ಟೇಪು, ಗಾಜಿಗೆ ಕಚ್ಚಿಕೊಂಡು ಎಳೆಯುವ ಸಕ್ಷನ್ ಕಪ್, ಸಂದಿಗೆ ತೂರಿಸುವ ತೆಳ್ಳನೆಯ ಪ್ಲಾಸ್ಟಿಕ್ ಪಿಕ್‌ಗಳು, ಐಸೋಪ್ರೊಪೈಲ್ ಆಲ್ಕೋಹಾಲ್, ಸ್ಕ್ರೂಡ್ರೈವರ್, ಕಣ್ಣಿಗೆ ಕನ್ನಡಕ, ಜೊತೆಗೆ ನನ್ನ ಹೇರ್ ಡ್ರೈಯರ್ ಕಟ್ಟಿಕೊಂಡು ಹೋದೆ.

ಜಗಲಿಯ ಮೇಜಿನ ಮೇಲೆ ಬಿಳಿ ಪಂಚೆ ಹಾಸಿದೆ. ಬಿಳಿ ಬಟ್ಟೆಯ ಮೇಲೆ ಬಿದ್ದ ಸ್ಕ್ರೂ ಕಣ್ಣಿಗೆ ಕಾಣುತ್ತದೆ, ಉರುಳಿಯೂ ಹೋಗುವುದಿಲ್ಲ. ಫೋನಿನ ಚಾರ್ಜ್ ಕಾಲು ಭಾಗಕ್ಕಿಂತ ಕೆಳಗಿರಲಿ ಅಂತ ಮಾವನಿಗೆ ಮೊದಲೇ ಹೇಳಿದ್ದೆ. ಲಿಥಿಯಂ ಬ್ಯಾಟರಿ ತುಂಬಿದ್ದಾಗ ಅದಕ್ಕೆ ಏನಾದರೂ ಚುಚ್ಚಿದರೆ ಹೊತ್ತಿಕೊಳ್ಳುವ ಅಪಾಯ ಜಾಸ್ತಿ. ಖಾಲಿಯ ಹತ್ತಿರ ಇದ್ದರೆ ಅಷ್ಟು ಉಗ್ರವಾಗಿರುವುದಿಲ್ಲ. ಸ್ವಿಚ್ ಆಫ್ ಮಾಡಿ, ಸಿಮ್ ಟ್ರೇ ತೆಗೆದು, ಫೋನನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದೆ. ಹಿಂಬದಿ ಸಮತಟ್ಟಾಗಿತ್ತು. ಇದನ್ನು ನೋಡದೆ ಯಾರೂ ಬಿಸಿ ಹಚ್ಚಬಾರದು. ಬ್ಯಾಟರಿ ಉಬ್ಬಿ ಗಾಜನ್ನು ಎತ್ತಿದ್ದರೆ ಆ ಫೋನಿಗೆ ಶಾಖ ತೋರಿಸುವ ಹಾಗೇ ಇಲ್ಲ. ಆಗ ಅಂಚಿಗೆ ಆಲ್ಕೋಹಾಲ್ ಹನಿಸಿ, ಅಂಟು ಸಡಿಲವಾಗುವವರೆಗೆ ಕಾದು, ಮೆಲ್ಲಗೆ ಬಿಡಿಸುವುದೊಂದೇ ದಾರಿ.

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮೇಲಿನ ಬಲ ಮೂಲೆಯಲ್ಲಿ ಸಣ್ಣ ಬಿರುಕು. ಎಂದೋ ಗದ್ದೆ ಬದುವಿನ ಕಲ್ಲಿಗೆ ಬಿದ್ದಿದ್ದಂತೆ. ಬಿರುಕಿರುವ ಗಾಜು ಎಳೆದ ಕಡೆಗೆ ಇನ್ನಷ್ಟು ಸೀಳುತ್ತದೆ. ಅದಕ್ಕೇ ಆ ಮೂಲೆಯ ಮೇಲೆ ಅಗಲವಾದ ಪಾರದರ್ಶಕ ಟೇಪನ್ನು ಒತ್ತಿ ಅಂಟಿಸಿದೆ. ಚೂರು ಎದ್ದರೂ ಹಾರಬಾರದು. ಕೆಲಸವನ್ನು ಬಿರುಕಿನಿಂದ ದೂರ, ಕೆಳಗಿನ ಅಂಚಿನಿಂದ ಶುರು ಮಾಡುವುದು ಅಂತ ತೀರ್ಮಾನವಾಯಿತು.

ಹೇರ್ ಡ್ರೈಯರ್ ಹಚ್ಚಿ ಕೆಳಗಿನ ಅಂಚನ್ನು ಅತ್ತಿಂದಿತ್ತ ಕಾಯಿಸುತ್ತಿದ್ದೆ. ಗಾಜು ಬೆಚ್ಚಗಾಗುವಷ್ಟರಲ್ಲಿ ಕರೆಂಟ್ ಹೋಯಿತು.

"ಇವತ್ತು ಬರೋದಿಲ್ಲ ಇನ್ನು. ಎಲ್ಲೋ ಮರ ಬಿದ್ದಿರ್ಬೇಕು ಲೈನ್ ಮೇಲೆ" ಅಂದರು ಮಾವ. ಮಲೆನಾಡಿನಲ್ಲಿ ಈ ಮಾತಿಗೆ ಯಾರೂ ಎದುರಾಡುವುದಿಲ್ಲ.

ಅತ್ತೆ ಒಳಗಿಂದ ಬಂದು ಕೇಳಿದರು. "ಎಷ್ಟು ಬಿಸಿ ಬೇಕು ನಿಂಗೆ?"

"ಬೆರಳಿಟ್ರೆ ಸುಡಬಾರ್ದು ಅತ್ತೆ, ಆದ್ರೆ ಜಾಸ್ತಿ ಹೊತ್ತು ಇಡೋಕೂ ಆಗ್ಬಾರ್ದು."

"ಅಷ್ಟೇನಾ? ನನ್ನ ಸೊಂಟಕ್ಕೆ ಇಡೋ ಚೀಲ ಇದ್ಯಲ್ಲ!"

ರಬ್ಬರಿನ ಬಿಸಿನೀರಿನ ಚೀಲ! ನನಗೆ ಎಷ್ಟು ಸಂತೋಷವಾಯಿತೆಂದರೆ, ಎದ್ದು ಅಡುಗೆಮನೆಗೆ ಅವರಿಗಿಂತ ಮೊದಲೇ ಹೋದೆ. ರಿಪೇರಿ ಸಾಮಾನು ಮಾರುವವರ ಹತ್ತಿರ ಇದೇ ಕೆಲಸಕ್ಕೆ ಅಂತ ಜೆಲ್ ತುಂಬಿದ ಉದ್ದನೆಯ ಚೀಲ ಸಿಗುತ್ತದೆ. ಅದನ್ನು ಕಾಯಿಸಿ ಅಂಚಿನ ಮೇಲೆ ಇಡುವುದು. ಅತ್ತೆಯ ಚೀಲ ಮಾಡುವುದೂ ಅದನ್ನೇ.

ಈ ಅಂಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗಾಜಿನ ಸುತ್ತ ಇರುವುದು ಎರಡೂ ಬದಿ ಅಂಟುವ ತೆಳ್ಳಗಿನ ಟೇಪು. ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಅಗಲ. ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಅದು ಮೆತ್ತಗಾಗುತ್ತದೆ, ಕರಗಿ ಹರಿಯುವುದಿಲ್ಲ. ಕೆಳಗಿರುವ ಬ್ಯಾಟರಿಗೆ 60 ಡಿಗ್ರಿ ದಾಟಿದ ಬಿಸಿ ಒಳ್ಳೆಯದಲ್ಲ. ಅಂದರೆ ನಮಗೆ ಬೇಕಾದ ಬಿಸಿಯೂ ಅಪಾಯದ ಬಿಸಿಯೂ ಅಕ್ಕಪಕ್ಕದಲ್ಲೇ ಇವೆ. ಅಂಟು ಇರುವುದು ಅಂಚಿನಲ್ಲಿ, ಬ್ಯಾಟರಿ ಇರುವುದು ನಡುವೆ. ಅದಕ್ಕೇ ಅಂಚನ್ನು ಮಾತ್ರ ಕಾಯಿಸಬೇಕು. ಹಾಟ್ ಏರ್ ಗನ್ ಹಿಡಿದವರ ಕೈ ಒಂದು ನಿಮಿಷ ಒಂದೇ ಕಡೆ ನಿಂತರೆ ಗಾಜಿನ ಬಣ್ಣವೂ ಹೋಗಬಹುದು, ಬ್ಯಾಟರಿಯೂ ಹಾಳಾಗಬಹುದು. ನೀರಿನ ಚೀಲದಲ್ಲಿ ಆ ಭಯ ಕಡಿಮೆ. ನೀರು ಎಷ್ಟು ಬಿಸಿಯೋ ಅದಕ್ಕಿಂತ ಜಾಸ್ತಿ ಫೋನ್ ಬಿಸಿಯಾಗಲಾರದು. ಹೊತ್ತು ಹೋದಂತೆ ಚೀಲ ತಾನೇ ತಣಿಯುತ್ತದೆ.

ಗ್ಯಾಸಿನ ಮೇಲೆ ಕಾಯಿಸಿದ ನೀರನ್ನು ಕುದಿ ಬರುವ ಮೊದಲೇ ಇಳಿಸಿ ಚೀಲಕ್ಕೆ ತುಂಬಿದೆವು. ಬಿರಡೆಯನ್ನು ಬಿಗಿಮಾಡಿ, ತಲೆಕೆಳಗು ಹಿಡಿದು, ಒಂದು ಹನಿಯೂ ಸೋರುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಒಣಬಟ್ಟೆಯಲ್ಲಿ ಒರೆಸಿದೆ. ಫೋನಿನ ಕೆಳ ಅಂಚಿಗೆ ಮಾತ್ರ ತಾಗುವಂತೆ ಚೀಲವನ್ನು ಅದರ ಮೇಲೆ ಇಟ್ಟೆ.

ಕಾಯುತ್ತಾ ಕೂತಿದ್ದಾಗ ಅತ್ತೆ ಕೇಳಿದ ಪ್ರಶ್ನೆ ಬಹಳ ಸರಿಯಾದದ್ದು. "ನಮ್ಮ ಮೊದಲಿನ ಫೋನಿನ ಮುಚ್ಚಳ ಉಗುರಲ್ಲೇ ಬರ್ತಿತ್ತಲ್ಲ. ಇದನ್ನ್ಯಾಕೆ ಹೀಗೆ ಅಂಟಿಸ್ತಾರೆ?"

ಒಂದು ಕಾರಣ ತಂತಿ ಇಲ್ಲದ ಚಾರ್ಜಿಂಗ್. ಹಿಂಬದಿ ಪೂರ್ತಿ ಲೋಹವಾಗಿದ್ದರೆ ಚಾರ್ಜರಿನ ಕಾಯಿಲಿನ, ಅಂದರೆ ತಂತಿ ಸುರುಳಿಯ, ಕಾಂತಕ್ಷೇತ್ರ ಒಳಗೆ ದಾಟುವುದಿಲ್ಲ. ಗಾಜು ಅಡ್ಡಿ ಮಾಡುವುದಿಲ್ಲ. 2015ರಲ್ಲಿ ಗ್ಯಾಲಕ್ಸಿ ಎಸ್6, 2017ರಲ್ಲಿ ಐಫೋನ್ 8 ಗಾಜಿನ ಬೆನ್ನು ಹೊತ್ತು ಬಂದವು, ಆಮೇಲೆ ಇನ್ನೂ ಹಲವರು ಅದೇ ದಾರಿ ಹಿಡಿದರು. ಎರಡನೇ ಕಾರಣ ನೀರು. ಸುತ್ತಲೂ ಮುಚ್ಚಿಕೊಳ್ಳುವ ಆ ಟೇಪೇ ನೀರು, ದೂಳು ತಡೆಯುವುದರಲ್ಲಿ ದೊಡ್ಡ ಪಾಲು ಹೊರುತ್ತದೆ.

ಆದರೂ ಗಾಜು ಅಂದಮೇಲೆ ತೆಗೆಯಲು ಕಷ್ಟವಾಗಲೇಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. 2010ರ ಐಫೋನ್ 4ರ ಬೆನ್ನೂ ಗಾಜಿನದೇ. ಕೆಳಗಿನ ಎರಡು ಸ್ಕ್ರೂ ಬಿಚ್ಚಿ ಸ್ವಲ್ಪ ಮೇಲಕ್ಕೆ ಜಾರಿಸಿದರೆ ಕೈಗೇ ಬರುತ್ತಿತ್ತು. ಐಫೋನ್ 8ರ ಕಾಲದಿಂದ ಅದೇ ಗಾಜನ್ನು ಫ್ರೇಮಿಗೆ ಎಷ್ಟು ಗಟ್ಟಿಯಾಗಿ ಅಂಟಿಸಿದರೆಂದರೆ, ಅಂಗಡಿಗಳವರು ಲೇಸರ್ ಯಂತ್ರದಿಂದ ಅಂಟನ್ನು ಸುಟ್ಟು ಚೂರು ಚೂರಾಗಿ ಕೀಳಬೇಕಾಯಿತು. 2022ರ ಐಫೋನ್ 14ರಲ್ಲಿ ಮತ್ತೆ ಬಿಡಿಸಬಹುದಾದ ಬೆನ್ನು ಬಂತು. ಮನಸ್ಸಿದ್ದರೆ ಆಗುತ್ತದೆ ಅಂತಲೇ ಅರ್ಥ ಅಲ್ವಾ? ಯುರೋಪಿನ ಒಕ್ಕೂಟ 2023ರಲ್ಲಿ ತಂದ ಬ್ಯಾಟರಿ ನಿಯಮ 2027ರ ಫೆಬ್ರವರಿ 18ರಿಂದ ಇಂಥ ಬ್ಯಾಟರಿಗಳನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕು ಅನ್ನುತ್ತದೆ. ವಿನಾಯಿತಿಗಳೂ ಇವೆ. ಆದರೂ ಆ ದಿನಕ್ಕೆ ನಾನು ಆಸೆಯಿಂದ ಕಾಯುತ್ತಿದ್ದೇನೆ. ಮಾವನಂಥವರು ಚೆನ್ನಾಗಿರುವ ಫೋನನ್ನು ಬರೀ ಬ್ಯಾಟರಿಗೋಸ್ಕರ ಬಿಸಾಕುವುದು ನನಗೆ ಸಹಿಸಲಾಗದ ವಿಷಯ.

ಅಂಚು ಮುಟ್ಟಿ ನೋಡಿದೆ. ಹದವಾಗಿ ಕಾದಿತ್ತು. ಸಕ್ಷನ್ ಕಪ್ಪನ್ನು ಕೆಳಗಿನ ಅಂಚಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಒತ್ತಿದೆ. ಎಳೆಯುವುದು ಮೇಲಕ್ಕೆ, ಒಂದೇ ಸಮ, ಜಗ್ಗದೆ. ಏನೂ ಆಗಲಿಲ್ಲ. ಬಲ ಹೆಚ್ಚಿಸುವ ಬದಲು ಚೀಲವನ್ನು ಮತ್ತೆ ಇಟ್ಟು ಕಾದೆ. ಅಂಗಡಿಯಲ್ಲಿ ಗಿರಾಕಿ ಎದುರಿಗೆ ನಿಂತಿರುವಾಗ ಸಿಗದ ಪುರುಸೊತ್ತು ಇದು. ಹೊರಗೆ ಮಳೆ, ಮನೆಯಲ್ಲಿ ಕರೆಂಟಿಲ್ಲ, ಯಾರಿಗೂ ಎಲ್ಲಿಗೂ ಹೋಗುವುದಿರಲಿಲ್ಲ. ಮಾವ ಕವಳ ಹಾಕಿಕೊಂಡು ಸುಮ್ನೆ ನೋಡುತ್ತಾ ಕೂತಿದ್ದರು.

ಮತ್ತೆ ಎಳೆದಾಗ ಗಾಜು ಸ್ವಲ್ಪವೇ ಮೇಲೆದ್ದಿತು. ಕಣ್ಣಿಗೆ ಕಾಣುವುದಕ್ಕಿಂತ ಬೆರಳಿಗೆ ಗೊತ್ತಾಗುವಷ್ಟು. ಇನ್ನೊಂದು ಕೈಯಲ್ಲಿ ಸಿದ್ಧವಾಗಿದ್ದ ಪಿಕ್ಕಿನ ತುದಿಯನ್ನು ಆ ಸಂದಿಗೆ ಇಟ್ಟೆ, ಒಳಗೆ ಹೋಯಿತು. ಹಿಂಬದಿಯ ಗಾಜು ಅಂಚಿನಲ್ಲಿ ಬಾಗಿರುವ ಫೋನುಗಳಲ್ಲಿ ಪಿಕ್ಕನ್ನು ನೇರವಾಗಿ ನೂಕಬಾರದು. ತುಸು ಕೆಳಗಿನಿಂದ, ಗಾಜಿನ ಬಾಗಿಗೆ ಹೊಂದುವಂತೆ ಓರೆಯಾಗಿ ಕಳಿಸಬೇಕು.

ಅಲ್ಲಿಂದ ಮುಂದೆ ಆಲ್ಕೋಹಾಲಿನ ಸರದಿ. ಸಂದಿಗೆ ಎರಡು ಹನಿ ಬಿಟ್ಟು ಕಾದರೆ ಅಂಟಿನ ಹಿಡಿತ ಬಿಡುತ್ತದೆ. ಇದು ಬೇಗ ಬೆಂಕಿ ಹಿಡಿಯುವ ದ್ರವ. ಹೇರ್ ಡ್ರೈಯರ್ ಅಥವಾ ಗನ್ ಓಡುತ್ತಿರುವಾಗ ಇದರ ಬಾಟಲಿಯ ಮುಚ್ಚಳ ತೆಗೆಯಲೇಬಾರದು. ದೀಪ ಹಚ್ಚಿಟ್ಟ ಕಡೆಯೂ ಬೇಡ. ಅತ್ತೆ ಕತ್ತಲಾಯಿತೆಂದು ಮೇಣದಬತ್ತಿ ತರುತ್ತಿದ್ದರು, ಬೇಡ ಅಂತ ಹೇಳಿ ಟಾರ್ಚ್ ತರಿಸಿಕೊಂಡೆ. ಕಿಟಕಿಯನ್ನೂ ತೆರೆಸಿದೆ.

ಪಿಕ್ಕನ್ನು ಕೆಲವು ಮಿಲಿಮೀಟರಿಗಿಂತ ಆಳಕ್ಕೆ ಬಿಡಲಿಲ್ಲ. ಟೇಪಿನ ಅಗಲ ಅಷ್ಟೇ. ಅದಕ್ಕಿಂತ ಒಳಗೆ ಹೋದರೆ ಚಾರ್ಜಿಂಗ್ ಕಾಯಿಲ್ ಇದೆ, ತಂತಿಯ ಕೆಲಸ ಮಾಡುವ ತೆಳ್ಳನೆಯ ಫ್ಲೆಕ್ಸ್ ಪಟ್ಟಿಗಳಿವೆ, ಬ್ಯಾಟರಿಯಿದೆ. ಮೂಲೆ ತಲುಪಿದಾಗ ಆ ಪಿಕ್ಕನ್ನು ಅಲ್ಲೇ ಬಿಟ್ಟು ಹೊಸದನ್ನು ತೆಗೆದುಕೊಂಡೆ. ತೆಗೆದುಬಿಟ್ಟರೆ ಅಂಟು ತಣ್ಣಗಾಗುತ್ತಾ ಮತ್ತೆ ಕಚ್ಚಿಕೊಳ್ಳುತ್ತದೆ. ಎದ್ದ ಗಾಜಿನ ಕೆಳಗೆ ಅಂಟು ಎಳೆ ಎಳೆಯಾಗಿ ಜಗ್ಗುತ್ತಿತ್ತು, ಥೇಟ್ ಹಲಸಿನ ಮೇಣ. ಅತ್ತೆಗೆ ಅದನ್ನು ನೋಡಿ ಬಹಳ ಖುಷಿ.

ಎಡಗಡೆಯ ಅಂಚು ಸಲೀಸಾಗಿ ಬಂತು. ಬಲಗಡೆ ಮೇಲೆ ಹೋಗುತ್ತಾ ಬಿರುಕಿನ ಮೂಲೆ ಹತ್ತಿರವಾಯಿತು. ಅಲ್ಲಿ ಚೀಲದ ನೀರು ಬದಲಿಸಿ ಮತ್ತೆ ಇಟ್ಟೆ. ಕ್ಯಾಮೆರಾ ಸುತ್ತ ಅಂಟಿನ ಪಟ್ಟಿ ಅಗಲವಾಗಿರುತ್ತದೆ, ಆ ಕಡೆಯಿಂದ ಎಳೆತವೂ ಜಾಸ್ತಿ. ಮೂಲೆಗೆ ಎರಡು ಬದಿಯಿಂದಲೂ ಪಿಕ್ ತಂದು, ನಡುವೆ ಆಲ್ಕೋಹಾಲ್ ಬಿಟ್ಟು, ಸುಮ್ಮನೆ ಕಾದೆ. ಪಿಕ್ ತಿರುಗಿಸಿ ಎತ್ತಲಿಲ್ಲ, ಸರಿಸಿದೆ ಅಷ್ಟೇ. ಗಾಜನ್ನು ಒಡೆಯುವುದು ಬಾಗುವಿಕೆ. ಸರಿಸುವಾಗ ಅದು ಬಾಗುವುದಿಲ್ಲ. ಬಿರುಕು ಇದ್ದಷ್ಟೇ ಉಳಿಯಿತು, ಗಾಜು ಪೂರ್ತಿ ಬಿಟ್ಟುಕೊಂಡಿತು.

ಬಿಟ್ಟುಕೊಂಡ ಕೂಡಲೇ ಎತ್ತಿ ಪಕ್ಕಕ್ಕಿಡುವ ಆಸೆ ಯಾರಿಗಾದರೂ ಬರುತ್ತದೆ. ಮೊದಲು ಒಂದು ಬದಿ ಎತ್ತಿ ಟಾರ್ಚ್ ಹಾಕಿ ನೋಡಬೇಕು. ಬೆರಳಚ್ಚಿನ ಸೆನ್ಸರ್ ಹಿಂಬದಿಯಲ್ಲಿರುವ ಎಷ್ಟೋ ಫೋನುಗಳಲ್ಲಿ ಗಾಜಿನಿಂದ ಬೋರ್ಡಿಗೆ ಒಂದು ತೆಳ್ಳನೆಯ ಫ್ಲೆಕ್ಸ್ ಇರುತ್ತದೆ, ಹರಿದರೆ ಆ ಸೆನ್ಸರ್ ಹೋದ ಹಾಗೇ. ಮಾವನ ಫೋನಿನಲ್ಲಿ ಏನೂ ಇರಲಿಲ್ಲ.

ಉಳಿದದ್ದು ಬೇಗ ಮುಗಿಯಿತು. ಸ್ಕ್ರೂ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರನ್ನು ಪ್ಲಾಸ್ಟಿಕ್ ಓಪನರ್‌ನಿಂದ ಎಬ್ಬಿಸಿ, ಆಮೇಲೆ ಬ್ಯಾಟರಿಯ ಅಂಚಿಗೆ ಆಲ್ಕೋಹಾಲ್ ಬಿಟ್ಟು ಪ್ಲಾಸ್ಟಿಕ್ ಕಾರ್ಡಿನಿಂದ ಬಿಡಿಸಿದೆ. ಮಡಚಲಿಲ್ಲ, ಲೋಹ ತಾಗಿಸಲಿಲ್ಲ. ಹಳೆಯದನ್ನು ಮರಳು ತುಂಬಿದ ಡಬ್ಬದಲ್ಲಿಟ್ಟು ಶಿವಮೊಗ್ಗಕ್ಕೆ ತಂದೆ. ಅದನ್ನು ಕಸದ ಗುಂಡಿಗೋ ಒಲೆಗೋ ಹಾಕುವಂತಿಲ್ಲ. ಹೊಸದನ್ನು ಜೋಡಿಸಿ, ಮುಚ್ಚುವ ಮೊದಲೇ ಆನ್ ಮಾಡಿ, ಪವರ್ ಬ್ಯಾಂಕಿನಿಂದ ಚಾರ್ಜ್ ಏರುತ್ತದಾ, ಕ್ಯಾಮೆರಾ, ಸ್ಪೀಕರ್ ಸರಿಯಿವೆಯಾ ಅಂತ ನೋಡಿದೆ. ಮತ್ತೆ ಆಫ್ ಮಾಡಿ, ಹಳೆಯ ಅಂಟನ್ನು ಪೂರ್ತಿ ಕೆರೆದು, ಒರೆಸಿ ಒಣಗಿಸಿ, ಹೊಸ ಟೇಪು ಹಾಕಿ ಗಾಜು ಕೂರಿಸಿದೆ. ಮೇಲೆ ಮಾವನ ಹಳೆಯ ಲೆಕ್ಕದ ಪುಸ್ತಕಗಳ ಕಟ್ಟು. ಭಾರ ಸಮವಾಗಿ ಬೀಳಲಿ ಅಂತ.

ಸಂಜೆ ಫೋನ್ ಕೈಗೆ ಕೊಡುವಾಗ ಮಾವನಿಗೆ ಒಂದು ಮಾತು ಒತ್ತಿ ಹೇಳಿದೆ. ಹೊಸ ಟೇಪು ಎಷ್ಟು ಚೆನ್ನಾಗಿ ಕೂತರೂ ಕಂಪನಿಯಿಂದ ಬಂದಾಗ ಇದ್ದ ನೀರಿನ ತಡೆ ಇನ್ನು ಇದೆ ಅಂತ ನಂಬುವ ಹಾಗಿಲ್ಲ. ಬಿರುಕು ಬೇರೆ ಇದೆ. ತೋಟಕ್ಕೆ ಹೋಗುವಾಗ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿಕೊಳ್ಳಿ ಅಂದೆ. "ಹ್ಞೂಂ ಹ್ಞೂಂ" ಅನ್ನುತ್ತಲೇ ಕೊನೆಗಾರರ ನಂಬರ್ ಒತ್ತುತ್ತಾ ಅಂಗಳಕ್ಕೆ ಇಳಿದರು. ಜಿಟಿಜಿಟಿ ಮಳೆ ಬೀಳುತ್ತಲೇ ಇತ್ತು. ಅತ್ತೆ ಒಳಗಿಂದ ಕೊಟ್ಟೆ ಹಿಡಿದುಕೊಂಡು ಅವರ ಹಿಂದೆಯೇ ಓಡಿದರು.