ತೊಂಬತ್ತಾರು ಕಣಮ್ಮ, ನಿಂಗೇನೂ ಆಗಿಲ್ಲ

ಭಾನುವಾರದಿಂದ ಒಂದು ಮಾತು ತಲೆಯಲ್ಲಿ ಸುತ್ತುತ್ತಲೇ ಇದೆ. ಕ್ಲಾಸಿನಲ್ಲಿ ಹಾಜರಿ ಕರೆಯುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ಪಾತ್ರೆ ತೊಳೆಯುವಾಗ. "ತೊಂಬತ್ತಾರು ಕಣಮ್ಮ, ನಿಂಗೇನೂ ಆಗಿಲ್ಲ." ಹೇಳಿದವರು ನಮ್ಮ ಭಾವ, ನಮ್ಮನೆಯವರ ಅಣ್ಣ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಶುಗರ್ ಮೀಟರ್ ನೋಡಿಕೊಂಡೇ ಹೇಳಿದರು.

ತಿಪಟೂರಿನಲ್ಲಿ ಅವರ ಮಗಳ ಸೀಮಂತ. ನಾವು ತುಮಕೂರಿನಿಂದ ಬೆಳಗ್ಗೆಯೇ ಹೊರಟಿದ್ದೆವು. ಏಳೂವರೆಗೆ ಶುಗರ್ ಮಾತ್ರೆ ನುಂಗಿ ಎರಡು ಇಡ್ಲಿ ತಿಂದಿದ್ದೆ ಅಷ್ಟೆ. ಊಟ ಹನ್ನೆರಡೂವರೆಗೆ ಅಂದಿದ್ದರು. ಮನೆ ಫಂಕ್ಷನ್ನಿನಲ್ಲಿ ಹನ್ನೆರಡೂವರೆ ಅಂದರೆ ಎಷ್ಟು ಅಂತ ನಿಮಗೆ ಗೊತ್ತೇ ಇದೆ. ಅಳಿಯನ ಕಡೆಯವರ ಬಸ್ಸು ಬಂದಿದ್ದೇ ಒಂದು ಗಂಟೆಗೆ. ಅಲ್ಲಿಯವರೆಗೂ ನಾನೂ ನನ್ನ ಓರಗಿತ್ತಿಯ ತಂಗಿಯೂ ರೂಮಿನಲ್ಲಿ ಕೂತು ತಾಂಬೂಲದ ಕವರಿಗೆ ಲಾಡು, ತೆಂಗಿನಕಾಯಿ, ರವಿಕೆ ಬಟ್ಟೆ ತುಂಬುತ್ತಿದ್ದೆವು.

ಮೊದಲು ಕೈ ನಡುಗಿತು. ರವಿಕೆ ಬಟ್ಟೆ ಮಡಚುತ್ತಿದ್ದೆ, ಅಂಚಿಗೆ ಅಂಚು ಕೂರಿಸೋಕೆ ಆಗಲಿಲ್ಲ. ಆಮೇಲೆ ಕತ್ತಿನ ಹಿಂದೆ ತಣ್ಣಗೆ ಬೆವರು. ಎದೆ ಡವಡವ. ಹಸಿವು ಅಂದರೆ ಅಂತಿಂಥ ಹಸಿವಲ್ಲ, ಒಂಥರಾ ಸಿಟ್ಟು ಬರಿಸುವ ಹಸಿವು. ಪಕ್ಕದಲ್ಲಿ ಏನೋ ಮಾತಾಡುತ್ತಿದ್ದಾರೆ, ಕೇಳಿಸುತ್ತಿದೆ, ಆದರೆ ತಲೆಗೆ ಹೋಗುತ್ತಿಲ್ಲ.

"ಶುಗರ್ ಲೋ ಆಗಿರಬೇಕು" ಅಂದೆ. ಅಷ್ಟು ಸಾಕಾಯಿತು, ಭಾವ ಹಾಜರ್.

ನಮ್ಮ ಭಾವನ ಬಗ್ಗೆ ಸ್ವಲ್ಪ ಹೇಳಬೇಕು. ಕೊಬ್ಬರಿ ವ್ಯಾಪಾರ. ಉಂಡೆ ಕೊಬ್ಬರಿ ಕೈಯಲ್ಲಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸಿ ಒಳಗೆ ಒಣಗಿದೆಯಾ ಇಲ್ಲವಾ ಹೇಳುವ ಮನುಷ್ಯ. ಅದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಶುಗರ್ ಬಂದ ಮೇಲೆ ಇಡೀ ವಂಶಕ್ಕೆ ತಾವೇ ಡಾಕ್ಟರ್ ಆಗಿಬಿಟ್ಟಿದ್ದಾರೆ. ಅಂಗಿ ಜೇಬಿನಲ್ಲಿ ಸದಾ ಗ್ಲುಕೋಮೀಟರ್. ಮದುವೆಯಾಗಲಿ, ತಿಥಿಯಾಗಲಿ, ಊಟಕ್ಕೆ ಮುಂಚೆ ನಾಲ್ಕು ಜನರ ಬೆರಳಿಗಾದರೂ ಚುಚ್ಚದಿದ್ದರೆ ಅವರಿಗೆ ಸಮಾಧಾನವಿಲ್ಲ. ಮನಸ್ಸು ಒಳ್ಳೆಯದು, ಇಲ್ಲ ಅನ್ನಲ್ಲ. ಆದರೆ ಎದುರಿಗಿರುವವರ ಮಾತು ಪೂರ್ತಿ ಕೇಳುವ ಅಭ್ಯಾಸ ಅವರ ಮನೆತನದಲ್ಲೇ ಇಲ್ಲ. ನಮ್ಮನೆಯವರಿಗೂ ಇಲ್ಲ.

ಬೆರಳು ಹಿಡಿದರು, ಚುಚ್ಚಿದರು, ಸ್ಟ್ರಿಪ್‌ಗೆ ರಕ್ತ ತಾಗಿಸಿದರು. ಸುತ್ತ ಏಳೆಂಟು ಹೆಂಗಸರು ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ಐದು ಸೆಕೆಂಡು.

"ತೊಂಬತ್ತಾರು ಕಣಮ್ಮ, ನಿಂಗೇನೂ ಆಗಿಲ್ಲ. ಫಸ್ಟ್ ಕ್ಲಾಸ್ ಇದೆ."

ಏಳೆಂಟು ಹೆಂಗಸರೂ ಒಟ್ಟಿಗೆ ಉಸಿರು ಬಿಟ್ಟರು. ಎಲ್ಲರ ಮುಖದಲ್ಲೂ ನೆಮ್ಮದಿ. ನನ್ನ ಕೈ ಇನ್ನೂ ನಡುಗುತ್ತಲೇ ಇತ್ತು! ಅದನ್ನು ಯಾರೂ ನೋಡಲಿಲ್ಲ. "ಸೆಕೆ ಅಲ್ವಾ, ಫ್ಯಾನ್ ಜಾಸ್ತಿ ಮಾಡಿ" ಅಂದರು ಒಬ್ಬರು. "ಈ ವಯಸ್ಸಿಗೆ ಹೀಗೆಲ್ಲ ಆಗತ್ತೆ, ನನಗೂ ಆಗ್ತಿತ್ತು" ಅಂದರು ಇನ್ನೊಬ್ಬರು. "ಟೆನ್ಷನ್ ಮಾಡ್ಕೋತೀಯ ನೀನು" ಅಂತ ನಮ್ಮನೆಯವರು. ಮೀಟರ್ ಚೆನ್ನಾಗಿದೆ ಅಂದ ಮೇಲೆ ಉಳಿದಿದ್ದು ನನ್ನ ಸ್ವಭಾವದ ದೋಷ ಒಂದೇ.

ನೀರು ಕುಡಿಯೋಕೆ ಅಂತ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದೆ. ಅಲ್ಲಿ ಅಡುಗೆ ಭಟ್ಟರು ಹೋಳಿಗೆ ಬೇಯಿಸುತ್ತಿದ್ದರು. ಒಂದು ಸಲ ನನ್ನ ಮುಖ ನೋಡಿದರು. "ಅಮ್ಮಾವ್ರೆ, ಮೊದಲು ಕೂತ್ಕೊಳ್ಳಿ" ಅಂದರು. ಎಷ್ಟಿದೆ ಅಂತ ಕೇಳಲಿಲ್ಲ. ಬಾಳೆಲೆ ಚೂರಿನ ಮೇಲೆ ಒಂದು ಸೌಟು ಮೊಸರನ್ನ ಹಾಕಿ ಕೈಗಿಟ್ಟರು. "ಮಾತ್ರೆ ಹೊಸದಾಗಿ ಶುರು ಮಾಡಿದೀರಾ? ನನಗೂ ಮೊದಮೊದಲು ಹಿಂಗೇ ಆಗ್ತಿತ್ತು. ಮೀಟರ್ ನೋಡಿದ್ರೆ ನೂರು, ಕಾಲು ನೋಡಿದ್ರೆ ನಿಲ್ತಾನೇ ಇಲ್ಲ." ಅಷ್ಟು ಹೇಳಿ ಕಾವಲಿ ಕಡೆ ತಿರುಗಿದರು.

ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಸರಿಹೋದೆ. ಇನ್ನೂ ಆರತಿಯೇ ಆಗಿಲ್ಲ, ನಾನು ಆಗಲೇ ಊಟ ಮಾಡಿದ್ದೇನೆ ಅನ್ನುವ ಸುದ್ದಿ ಅಷ್ಟರಲ್ಲಿ ಒಳಗೆ ಮುಟ್ಟಿತ್ತು. ಓರಗಿತ್ತಿ ಬಾಯಲ್ಲಿ ಏನೂ ಅನ್ನಲಿಲ್ಲ. ಆರತಿಗೆ ಕರೆಯುವಾಗ ಮಾತ್ರ ನನ್ನ ಹೆಸರು ಕೊನೆಗೆ ಬಂತು.

ಮರುದಿನ ಸ್ಕೂಲಿನಲ್ಲಿ ಕಡೇ ಪೀರಿಯಡ್ಡು ಅಡ್ಜಸ್ಟ್ ಮಾಡಿಸಿಕೊಂಡು ಡಾಕ್ಟರ ಹತ್ತಿರ ಹೋದೆ. ಎಲ್ಲ ಕೇಳಿಸಿಕೊಂಡು ಆಯಮ್ಮ ಕೇಳಿದ ಮೊದಲ ಪ್ರಶ್ನೆ, "ಚುಚ್ಚೋಕೆ ಮುಂಚೆ ಕೈ ತೊಳೆದ್ರಾ?"

ಎಲ್ಲಿ ತೊಳೆಯೋದು! ಲಾಡು ತುಂಬುತ್ತಿದ್ದ ಕೈ. ಭಾವ ಹಾಗೇ ಹಿಡಿದು ಚುಚ್ಚಿದ್ದು.

ಬೆರಳಿಗೆ ಸಕ್ಕರೆ ಅಂಟಿದ್ದರೆ ಅದೂ ರಕ್ತದ ಹನಿಗೆ ಸೇರುತ್ತದಂತೆ. ಮೀಟರ್ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಹಣ್ಣು ಹೆಚ್ಚಿದ ಕೈ, ಸಿಹಿ ಮುಟ್ಟಿದ ಕೈ, ಎಲ್ಲ ಒಂದೇ. ಸೋಪು ನೀರಲ್ಲಿ ತೊಳೆದು ಒರೆಸಿಕೊಂಡೇ ಚುಚ್ಚಬೇಕು. ಇನ್ನೊಂದು ಏನೆಂದರೆ, ಮೀಟರ್ ಎಷ್ಟೇ ಒಳ್ಳೆಯದಾದರೂ ಲ್ಯಾಬಿನ ಲೆಕ್ಕಕ್ಕೂ ಅದಕ್ಕೂ ಸ್ವಲ್ಪ ಆಚೀಚೆ ಇದ್ದೇ ಇರುತ್ತದೆ. ಅಂತಾರಾಷ್ಟ್ರೀಯ ಮಾನದಂಡವೇ 100ಕ್ಕಿಂತ ಕಡಿಮೆ ಇದ್ದಾಗ 15ರಷ್ಟು ಮೇಲೆ ಕೆಳಗೆ ಬಂದರೂ ಪಾಸು ಅನ್ನುತ್ತದೆ. ಅಂದರೆ 96 ಅಂತ ತೋರಿಸಿದ್ದು 81 ಇರಬಹುದು, 111 ಇರಬಹುದು. ಅದರ ಮೇಲೆ ಲಾಡು ಬೇರೆ. ಆ ಹೊತ್ತಿನಲ್ಲಿ ನನ್ನ ರಕ್ತದಲ್ಲಿ ಎಷ್ಟಿತ್ತು ಅಂತ ಇನ್ನು ಯಾರಿಗೂ ಗೊತ್ತಾಗುವ ಹಾಗಿಲ್ಲ. ಭಾವನಿಗೆ ಮಾತ್ರ ಗೊತ್ತು.

ಹಾಗಂತ ನಿಜವಾಗಿಯೂ ಲೋ ಆಗಿತ್ತು ಅಂತ ಡಾಕ್ಟರು ಹೇಳಲಿಲ್ಲ. ಯಾಕೆಂದರೆ ಸೋಮವಾರ ಬೆಳಗ್ಗೆ ಪ್ರೇಯರ್ ಮುಗಿದ ಮೇಲೆ ಅದೇ ನಡುಕ ಮತ್ತೆ ಬಂದಿತ್ತು. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರ ಮೀಟರಿನಲ್ಲಿ ನೋಡಿದ್ದೆ. ಆಗ ಕೈ ತೊಳೆದಿದ್ದೆ, ಸೀಮೆಸುಣ್ಣದ ಪುಡಿ ಆಗಿತ್ತು ಅಂತ. 104. ಲಾಡೂ ಇಲ್ಲ, ಸೆಕೆಯೂ ಇಲ್ಲ.

ಡಾಕ್ಟರು ನನ್ನ ಹಳೆ ರಿಪೋರ್ಟ್ ತೆಗೆದರು. ಮಾತ್ರೆ ಶುರು ಮಾಡುವ ಮುಂಚಿನ ಮೂರು ತಿಂಗಳ ಸರಾಸರಿ, ಎಚ್‌ಬಿಎ1ಸಿ 10.8. ಅಂದರೆ ಹಗಲು ರಾತ್ರಿ ಸೇರಿ ಸರಾಸರಿ ಸಕ್ಕರೆ 260ರ ಆಸುಪಾಸು. ಎಷ್ಟು ಕಾಲದಿಂದ ಹಾಗಿತ್ತೋ. ಮೈ ಅದಕ್ಕೇ ಒಗ್ಗಿಹೋಗಿತ್ತು. ಈಗ ಮಾತ್ರೆಯಿಂದ ಏಕಾಏಕಿ ನೂರರ ಹತ್ತಿರ ಇಳಿದಾಗ ಮೈಗೆ ಗಾಬರಿ. ಅಡ್ರಿನಲಿನ್ ಸುರಿಯುತ್ತದೆ. ನಡುಕ, ಬೆವರು, ಎದೆಬಡಿತ ಎಲ್ಲ ಅದರದ್ದೇ. "ರಾಯಚೂರಿನ ಬೇಸಿಗೆಯಿಂದ ಒಬ್ಬರನ್ನ ನೇರ ಮಡಿಕೇರಿಗೆ ತಂದು ಬಿಟ್ಟರೆ ಗಡಗಡ ನಡುಗ್ತಾರೆ. ಅಲ್ಲಿಯವರು ಅದೇ ಹವೆಯಲ್ಲಿ ಅಂಗಿ ತೋಳು ಮಡಚಿಕೊಂಡು ಓಡಾಡ್ತಿರ್ತಾರೆ. ನಡುಗುವವರು ನಾಟಕ ಮಾಡ್ತಿದಾರೆ ಅನ್ನೋಕಾಗತ್ತಾ?" ಅಂದರು.

ಈ ಡಾಕ್ಟರು ನನಗೆ ಇಷ್ಟವಾಗಿದ್ದು ಇಲ್ಲೇ.

ಇದು ಹೊಸ ವಿಷಯವೂ ಅಲ್ಲವಂತೆ. 1988ರಲ್ಲೇ ಅಮೆರಿಕದ ಒಂದು ಅಧ್ಯಯನದಲ್ಲಿ ಶುಗರ್ ಇಲ್ಲದವರನ್ನೂ, ಶುಗರ್ ಹತೋಟಿಗೆ ಬರದವರನ್ನೂ ಕೂರಿಸಿ ರಕ್ತದ ಸಕ್ಕರೆ ನಿಧಾನಕ್ಕೆ ಇಳಿಸಿ ನೋಡಿದ್ದರು. ಶುಗರ್ ಇಲ್ಲದವರಿಗೆ ಸುಸ್ತು, ನಡುಕ ಶುರುವಾಗಿದ್ದು ಸುಮಾರು 53ಕ್ಕೆ. ಹತೋಟಿ ತಪ್ಪಿದವರಿಗೆ 78ಕ್ಕೇ ಶುರು. ಪುಸ್ತಕದ ಪ್ರಕಾರ 70ಕ್ಕಿಂತ ಕೆಳಗಿದ್ದರೆ ಮಾತ್ರ ಲೋ. ಅಂದರೆ ಆ ಜನರೂ ನನ್ನ ಹಾಗೇ "ನಿಮಗೇನೂ ಆಗಿಲ್ಲ" ಪಟ್ಟಿಯವರು. ಇನ್ನು ಕೆಲವರಿಗೆ ನೂರರ ಮೇಲಿದ್ದರೂ, ಸರ್ರನೆ ಇಳಿದರೆ ಹೀಗಾಗುತ್ತದೆ ಅಂದರು.

ಏನು ಮಾಡಬೇಕು ಅನ್ನೋದನ್ನೂ ಹೇಳಿದರು. ಹೀಗಾದಾಗ ಕೂರಬೇಕು, ಕೈ ತೊಳೆದು ನೋಡಬೇಕು. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಮೀಟರ್ ಕೈಗೆ ಸಿಗದಿದ್ದರೆ ಲೋ ಅಂತಲೇ ತಿಳಿದು ಸಕ್ಕರೆ ತಗೋಬೇಕು, ಕಾಯಬಾರದು. 70ಕ್ಕಿಂತ ಜಾಸ್ತಿ ಇದ್ದರೆ ಸಕ್ಕರೆ ಸುರಿದುಕೊಳ್ಳುವ ಅಗತ್ಯವಿಲ್ಲ, ಊಟದ ಹೊತ್ತಾಗಿದ್ದರೆ ಊಟ, ಇಲ್ಲದಿದ್ದರೆ ಏನಾದರೂ ಚೂರು ತಿಂಡಿ. ನನ್ನ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಇದೆ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬಿಡಿಸುವಂಥದ್ದು, ನಾವು ತಿಂದಿದ್ದೇವಾ ಇಲ್ಲವಾ ಅಂತ ಅದು ಕಾಯುವುದಿಲ್ಲ. ಅದನ್ನು ನುಂಗಿ ಊಟ ಮುಂದೂಡಿದರೆ ನಿಜವಾದ ಲೋ ಕೂಡ ಆಗಬಹುದು. ಹಾಗಾಗಿ ಡೋಸ್ ಸ್ವಲ್ಪ ಕಡಿಮೆ ಮಾಡಿ, ನಿಧಾನಕ್ಕೆ ಇಳಿಸೋಣ ಅಂದರು. ಕೆಲವು ವಾರದಲ್ಲಿ ಮೈ ಹೊಸ ಲೆಕ್ಕಕ್ಕೆ ಒಗ್ಗುತ್ತದಂತೆ. "ಈ ನಡುಕಕ್ಕೆ ಹೆದರಿ ಮಾತ್ರೆ ಮಾತ್ರ ಬಿಡಬೇಡಿ, ತುಂಬ ಜನ ಅದನ್ನೇ ಮಾಡೋದು" ಅಂತ ಎರಡೆರಡು ಸಲ ಹೇಳಿದರು. ರಕ್ತಹೀನತೆ, ಥೈರಾಯ್ಡ್, ಬಿಪಿ ಇಳಿಯೋದು, ಇವಕ್ಕೂ ಹೀಗೇ ಆಗಬಹುದು ಅಂತ ಅದಕ್ಕೂ ಟೆಸ್ಟ್ ಬರೆದುಕೊಟ್ಟರು.

ಹೊರಗೆ ಬಂದಾಗ ನನಗೆ ಖುಷಿಯಾಗಬೇಕಿತ್ತು. ಕಾರಣ ಸಿಕ್ಕಿತಲ್ಲ. ಆದರೆ ಬಸ್ಸಿನಲ್ಲಿ ಕೂತ ಮೇಲೆ ಸಿಟ್ಟು ಬಂತು. ಕಾರಣ ಸಿಗದೇ ಇದ್ದಿದ್ದರೂ ನನ್ನ ಕೈ ನಡುಗಿದ್ದು ನಿಜವೇ ತಾನೇ? ಅಷ್ಟು ಜನರ ನಡುವೆ ನಾನೇ ಹೇಳುತ್ತಿದ್ದೇನೆ, ನನ್ನ ಕೈಲಿ ಆಗ್ತಿಲ್ಲ ಅಂತ. ಅಂಗೈಯಗಲದ ಒಂದು ಡಬ್ಬಿ ಹೇಳುತ್ತಿದೆ, ಎಲ್ಲ ಸರಿಯಾಗಿದೆ ಅಂತ. ಎಲ್ಲರೂ ಡಬ್ಬಿಯ ಕಡೆ! ನಮ್ಮಮ್ಮನಿಗೂ ಹೀಗೇ ಆಗಿತ್ತು. ವರ್ಷಗಟ್ಟಲೆ ಸುಸ್ತು ಸುಸ್ತು ಅನ್ನುತ್ತಿದ್ದರು. ಬಿಪಿ ನೋಡೋರು, ಸರಿಯಾಗಿದೆ ಅನ್ನೋರು, ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸೋರು. ಕೊನೆಗೆ ಯಾರೋ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7 ಇತ್ತು. ಅಲ್ಲಿಯವರೆಗೆ ಆಕೆ ನಮ್ಮನೆಯಲ್ಲಿ 'ಸೋಮಾರಿ'. ಅಪ್ಪ ಹಾಗೆ ಕರೆಯುತ್ತಿದ್ದರು, ನಗುತ್ತಲೇ. 7 ಅಂತ ಗೊತ್ತಾದ ದಿನ ಮಾತ್ರ ಅಪ್ಪ ಗಾಬರಿಯಾದರು. ಅಂಕಿ ಸಿಕ್ಕಿತಲ್ಲ.

ಹಾಗಂತ ಮೀಟರ್ ಬೇಡ, ಮೈ ಹೇಳಿದ್ದೇ ಸರಿ ಅನ್ನೋಕೂ ಬರಲ್ಲ. ಇಲ್ಲೇ ನೋಡಿ ನಮ್ಮ ಭಾವನ ಕಥೆ ಬರೋದು.

ಅವತ್ತು ನನಗೆ ಚುಚ್ಚಿದ ಮೇಲೆ ತಮಗೂ ಚುಚ್ಚಿಕೊಂಡರು. ಊಟಕ್ಕೆ ಮುಂಚೆಯೇ 248. ಯಾರೋ ಕೇಳಿದ್ದಕ್ಕೆ ನಕ್ಕರು. "ಅಯ್ಯೋ, ನನಗೆ ಇದು ಮಾಮೂಲಿ. ಏನೂ ಅನ್ನಿಸಲ್ಲ, ಕಲ್ಲುಗುಂಡಿನ ಥರ ಇದೀನಿ." ಆಮೇಲೆ ತುಪ್ಪ ಹಾಕಿಸಿಕೊಂಡು ಮೂರು ಹೋಳಿಗೆ. ನನ್ನ ವಿಷಯಕ್ಕೆ ಬಂದಾಗ ಮೀಟರ್ ಹೇಳಿದ್ದು ವೇದ, ಮೈ ಹೇಳಿದ್ದು ಸುಳ್ಳು. ಅವರ ವಿಷಯಕ್ಕೆ ಬಂದಾಗ ಮೈ ಹೇಳಿದ್ದು ವೇದ, ಮೀಟರ್ ಸುಮ್ನೆ. ಎರಡು ಕಡೆಯೂ ಗೆದ್ದಿದ್ದು ಅವರಿಗೆ ಅನುಕೂಲವಾದದ್ದು.

248ರಲ್ಲಿ ನೋವಿಲ್ಲ, ನಡುಕವಿಲ್ಲ. ನನಗೂ 260ರಲ್ಲಿ ಇರಲಿಲ್ಲ. ಆರಾಮಾಗಿದ್ದೆ ಅಂದುಕೊಂಡಿದ್ದೆ. ಅದು ಕಣ್ಣು, ಕಿಡ್ನಿ, ಕಾಲಿನ ನರ ಎಲ್ಲವನ್ನೂ ಸದ್ದಿಲ್ಲದೆ ತಿನ್ನುತ್ತದೆ. ನೂರಕ್ಕೆ ಇಳಿದಾಗ ಮಾತ್ರ ಮೈ ಕೂಗಾಡುತ್ತದೆ. ಉಲ್ಟಾ ಅಲ್ವಾ?

ಸಂಜೆ ಹೊರಡುವಾಗ ಭಾವ ನಮ್ಮನ್ನು ಕಳಿಸಲು ಗೇಟಿನವರೆಗೆ ಬಂದು, ವಾಪಸ್ ಹೋಗಿ ಜಗಲಿ ಮೇಲೆ ಚಪ್ಪಲಿ ಬಿಟ್ಟರು. ಬಲಗಾಲಿನ ಚಪ್ಪಲಿಯೊಳಗಿಂದ ತೆಂಗಿನ ಕರಟದ ಚೂರೊಂದು ಬಿತ್ತು. ಹೆಬ್ಬೆರಳ ಉಗುರಿನಷ್ಟಿತ್ತು, ಒಂದು ಕಡೆ ಚೂಪು. ಅಂಗಾಲಿನಲ್ಲಿ ಅದರದ್ದೇ ಆಕಾರದ ಕೆಂಪು ಗುರುತು. "ಇದ್ಯಾವಾಗ ಸೇರ್ಕೊಂಡ್ತೋ" ಅಂತ ಕಾಲಿನಿಂದಲೇ ಆಚೆ ತಳ್ಳಿದರು. ಬೆಳಗ್ಗೆ ಮಂಡಿಗೆ ಹೋಗಿ ಬಂದವರು, ಆಮೇಲೆ ಇಡೀ ದಿನ ಶಾಮಿಯಾನಾ, ನೀರಿನ ಟ್ಯಾಂಕರ್ ಅಂತ ಅದರ ಮೇಲೇ ಓಡಾಡಿದ್ದಾರೆ.

ಇದನ್ನು ನಾನು ಡಾಕ್ಟರಿಗೆ ಹೇಳಿದ್ದೆ, ಸುಮ್ನೆ ಮಾತಿಗೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಅವರನ್ನ ಮೊದಲು ಕರ್ಕೊಂಡು ಬನ್ನಿ" ಅಂದರು.

ನಿನ್ನೆ ರಾತ್ರಿ ಭಾವ ಫೋನ್ ಮಾಡಿದ್ದರು. "ಎಷ್ಟಿದೆಯಮ್ಮ ಈಗ?" ಹೇಗಿದೀಯ ಅಂತಲ್ಲ, ಎಷ್ಟಿದೆ ಅಂತ. ಚೆನ್ನಾಗಿದೀನಿ ಅಂದೆ. "ಅದಲ್ಲಮ್ಮ, ಎಷ್ಟು?" ಹೇಳಿದೆ. ಆಮೇಲೆ ಕೇಳಿದೆ, "ಭಾವ, ಕಾಲಿನ ಆ ಗಾಯ ಹೇಗಿದೆ?"

"ಯಾವ ಗಾಯ?" ಅಂದರು. ಓರಗಿತ್ತಿಯ ದನಿ ಹಿಂದಿನಿಂದ ಕೇಳಿಸಿತು, "ನೀರು ಬರ್ತಿದೆ ಅಂತ ಹೇಳ್ರೀ ಅವಳಿಗೆ." ಭಾವ ಕೊಬ್ಬರಿ ರೇಟು ತೆಗೆದರು. ನಾನು ಬಿಡಲಿಲ್ಲ. ಶನಿವಾರ ಮಧ್ಯಾಹ್ನ ನನ್ನ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ ಅಂದೆ. ನೋಡೋಣ ಅಂದರು. ನಮ್ಮ ಕಡೆ ನೋಡೋಣ ಅಂದರೆ ಬರಲ್ಲ ಅಂತ. ಅದಕ್ಕೇ ಬೆಳಗ್ಗೆ ಎದ್ದವಳೇ ಓರಗಿತ್ತಿಗೆ ಫೋನ್ ಮಾಡಿ, ನೀವೇ ಎಳೆದುಕೊಂಡು ಬನ್ನಿ ಅಕ್ಕ ಅಂದೆ. ಬರ್ತೀವಿ ಅಂದಿದ್ದಾರೆ. ಆರತಿ ವಿಷಯ ಇಬ್ಬರೂ ಎತ್ತಲಿಲ್ಲ.