ಲಂಡನ್ನಿನಲ್ಲಿ ಒಂದು ತುಂಡು ಲಸಾನ್ಯ

ಲಸಾನ್ಯ ಅಂದರೆ ಪಾಸ್ತಾದ ಅಗಲ ಹಾಳೆಗಳ ನಡುವೆ ಸಾಸ್, ಚೀಸ್ ಹಾಕಿ ಪದರ ಪದರವಾಗಿ ಬೇಯಿಸುವ ಇಟಲಿಯ ಅಡುಗೆ. ನಾನು ಮೊದಲ ಸಲ ಅದನ್ನು ತಿಂದದ್ದು ಇಂದಿರಾನಗರದಲ್ಲಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದು ಎಂಟು ತಿಂಗಳಾಗಿತ್ತು, ಆಫೀಸಿನವರು ಯಾರದ್ದೋ ಹುಟ್ಟುಹಬ್ಬ ಅಂತ ಎಳೆದುಕೊಂಡು ಹೋಗಿದ್ದರು. ಮಣ್ಣಿನ ಬಟ್ಟಲಲ್ಲಿ ಕೊತಕೊತ ಕುದಿಯುತ್ತಾ ಬಂತು. ಒಳಗೆ ಪಾಲಕ್, ಸಿಹಿ ಜೋಳದ ಕಾಳು, ದೊಣ್ಣೆ ಮೆಣಸಿನಕಾಯಿ, ಮೇಲೆ ಅರ್ಧ ಇಂಚು ಚೀಸ್. ಕಾಯುವ ತಾಳ್ಮೆ ಇಲ್ಲದೆ ನಾಲಿಗೆ ಸುಟ್ಟುಕೊಂಡೆ. ಒಣಮೆಣಸಿನಕಾಯಿ ಚೂರು ಉದುರಿಸಿಕೊಂಡು ಬಟ್ಟಲು ಕೆರೆದು ಕೆರೆದು ತಿಂದೆ. ಇಟಲಿಯವರು ಪಕ್ಕದಲ್ಲಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರೋ ಏನೋ, ನನಗಂತೂ ಲಸಾನ್ಯ ಅಂದರೆ ಅದೇ ಅಂತ ತಲೆಯಲ್ಲಿ ಕೂತುಬಿಟ್ಟಿತು.

ಹಾಗಾಗಿ ಲಂಡನ್ನಿಗೆ ಬರುವಾಗ ಬೇರೆ ಊಟದ ಚಿಂತೆ ಇತ್ತು, ಇದರದ್ದು ಇರಲಿಲ್ಲ. ಇಟಲಿ ಇಲ್ಲಿಂದ ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಬೀದಿಗೊಂದು ಇಟಾಲಿಯನ್ ಹೋಟೆಲ್. ಇಲ್ಲಿ ಸಿಗದೆ ಇನ್ನೆಲ್ಲಿ ಸಿಗುತ್ತೆ ಅಂದುಕೊಂಡಿದ್ದೆ. ಮೂರು ವರ್ಷ ಹುಡುಕಿದೆ ಮಾರಾಯ್ರೆ.

ನಾನು ಸಸ್ಯಾಹಾರಿ ಅನ್ನೋದನ್ನ ಮೊದಲೇ ಹೇಳಿಬಿಡಬೇಕಿತ್ತು. ಮೊಟ್ಟೆಯ ವಿಷಯದಲ್ಲಿ ನನ್ನದು ಕೇಕ್ ನಿಯಮ, ಕಣ್ಣಿಗೆ ಕಾಣದಿದ್ದರೆ ಅದು ಮೊಟ್ಟೆಯಲ್ಲ. ಮಾಂಸ ಮಾತ್ರ ಆಗುವುದಿಲ್ಲ. ಈ ಊರಲ್ಲಿ ಸಸ್ಯಾಹಾರಿಗೆ ಊಟಕ್ಕೇನೂ ಬರ ಇಲ್ಲ, ಪಬ್ಬುಗಳಲ್ಲೂ ವೆಜಿಟೇರಿಯನ್ ಲಸಾನ್ಯ ಅಂತ ಒಂದು ಸಾಲು ಎಷ್ಟೋ ವರ್ಷಗಳಿಂದ ಮೆನುವಿನಲ್ಲಿ ಕಾಯಂ ಆಗಿ ಕೂತಿದೆ. ನಾನು ಮೊದಲು ಬಿದ್ದದ್ದು ಆ ಗುಂಡಿಗೇ. ತಟ್ಟೆ ಬಂತು. ಲಸಾನ್ಯದ ಪಕ್ಕದಲ್ಲಿ ಚಿಪ್ಸ್, ಅಂದರೆ ಕರಿದ ಆಲೂಗಡ್ಡೆ. ಅದರ ಪಕ್ಕದಲ್ಲಿ ಬೆಳ್ಳುಳ್ಳಿ ಬ್ರೆಡ್. ಅನ್ನದ ಜೊತೆ ಪಲಾವ್ ನಂಚಿಕೊಂಡ ಹಾಗೆ. ಆಯ್ತು ಬಿಡಿ, ಗಿರ್ಮಿಟ್ ಜೊತೆ ಮಿರ್ಚಿ ತಿಂದು ಬೆಳೆದವರು ನಾವು, ಹಿಟ್ಟಿನ ಮೇಲೆ ಹಿಟ್ಟು ನಮಗೇನೂ ಹೊಸದಲ್ಲ. ಆದರೆ ಚಮಚ ಹಾಕಿದ ಕೂಡಲೇ ತಳದಿಂದ ನೀರು ಹರಿಯಿತು. ನಿಜವಾಗಿ ಹರಿಯಿತು, ಚಿಪ್ಸ್ ತನಕ ಹೋಯಿತು.

ಯಾಕೆ ಹಾಗಾಗುತ್ತೆ ಅಂತ ಆಮೇಲೆ ತಿಳಿಯಿತು. ಮಾಂಸದ ಲಸಾನ್ಯದಲ್ಲಿ ಸಾಸ್ ಅನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬತ್ತಿಸುತ್ತಾರೆ, ಅದು ಗಟ್ಟಿಯಾಗಿರುತ್ತದೆ. ತರಕಾರಿಯದ್ದಕ್ಕೆ ಯಾರೂ ಅಷ್ಟು ಕಷ್ಟಪಡುವುದಿಲ್ಲ. ಕೊರ್ಜೆಟ್ ಅಂತ ಇಲ್ಲಿ ಸಿಗುವ ಸೌತೆಕಾಯಿ ಆಕಾರದ ಕಾಯಿ, ಬದನೆ, ಅಣಬೆ ಎಲ್ಲವನ್ನೂ ಕತ್ತರಿಸಿ ಹಾಳೆಗಳ ಮಧ್ಯೆ ತುರುಕಿ ಓವನ್ ಅನ್ನೋ ಮುಚ್ಚಿದ ಒಲೆಗೆ ಇಡುತ್ತಾರೆ. ಅವೆಲ್ಲ ನೀರಿನ ಚೀಲಗಳು. ಮೊದಲೇ ಉಪ್ಪು ಹಾಕಿ ಹಿಂಡಿಯೋ ಹುರಿದೋ ನೀರು ತೆಗೆಯದಿದ್ದರೆ ಒಲೆಯೊಳಗೆ ಅಳದೆ ಇನ್ನೇನು ಮಾಡುತ್ತವೆ ಪಾಪ.

ಈ ಕಥೆಯನ್ನು ಆಫೀಸಿನಲ್ಲಿ ಹೇಳಿದಾಗ ಒಬ್ಬರು ನಕ್ಕು, ನೀನೇ ಪುಣ್ಯವಂತ ಅಂದರು. 2013ರಲ್ಲಿ ಇಲ್ಲಿ ದೊಡ್ಡ ಗಲಾಟೆ ಆಗಿತ್ತಲ್ಲ, ದನದ ಮಾಂಸದ್ದು ಅಂತ ಮಾರುತ್ತಿದ್ದ ಫ್ರೀಜರ್ ಲಸಾನ್ಯಗಳಲ್ಲಿ ಕುದುರೆ ಮಾಂಸ ಪತ್ತೆಯಾಗಿತ್ತು, ಕೆಲವು ಮಾದರಿಗಳಲ್ಲಿ ಪೂರ್ತಿ ಕುದುರೆಯೇ. ನಿನ್ನ ತಟ್ಟೆಯಲ್ಲಿ ನೀರು ತಾನೇ ಇದ್ದದ್ದು ಅಂತ ಅವರ ಸಮಾಧಾನ.

ಎರಡನೇ ಏಟು ಚೀಸ್‌ನಿಂದ ಬಿತ್ತು. ಒಂದು ವರ್ಷ ಆರಾಮಾಗಿ ಪಾರ್ಮೆಸಾನ್ ಉದುರಿಸಿಕೊಂಡು ತಿಂದ ಮೇಲೆ, ಒಂದು ದಿನ ಅಂಗಡಿಯಲ್ಲಿ ಸುಮ್ನೆ ಚೀಟಿ ಓದುತ್ತಾ ನಿಂತಿದ್ದೆ. ಪಾರ್ಮೆಸಾನ್‌ನ ಅಸಲಿ ಇಟಾಲಿಯನ್ ಹೆಸರು ಪಾರ್ಮಿಜಾನೊ ರೆಜ್ಜಾನೊ, ಅದನ್ನು ಮಾಡಲು ಮೂರೇ ವಸ್ತು: ಹಾಲು, ಉಪ್ಪು, ರೆನೆಟ್. ಈ ರೆನೆಟ್ ಅಂದರೆ ಹಾಲು ಒಡೆಸುವ ಹೆಪ್ಪು, ಎಳೆಗರುವಿನ ಹೊಟ್ಟೆಯಿಂದ ತೆಗೆದದ್ದು. ಆ ಹೆಸರಿಟ್ಟು ಮಾರಬೇಕಾದರೆ ಕರುವಿನದ್ದನ್ನೇ ಹಾಕಬೇಕು ಅಂತ ನಿಯಮವೇ ಇದೆ. ಗ್ರಾನಾ ಪದಾನೊ ಅನ್ನೋ ಇನ್ನೊಂದು ಇಟಾಲಿಯನ್ ಚೀಸ್ ಕೂಡ ಹಾಗೇ. ನಾನು ಅಲ್ಲೇ ನಿಂತು ಒಂದು ವರ್ಷದ ಊಟವನ್ನೆಲ್ಲ ನೆನೆಸಿಕೊಂಡೆ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಈ ಬ್ಲಾಗ್ ಅವಳು ಓದಲ್ಲ ಅನ್ನೋ ಧೈರ್ಯ.

ಇಲ್ಲಿಗೆ ಹೊಸದಾಗಿ ಬರುವವರಿಗೆ ಹೇಳಿಬಿಡುತ್ತೇನೆ: ಇಲ್ಲಿನ ಸೂಪರ್ ಮಾರ್ಕೆಟ್‌ಗಳಲ್ಲಿ ‘ಇಟಾಲಿಯನ್ ಶೈಲಿಯ ಗಟ್ಟಿ ಚೀಸ್’ ಅಂತ ಒಂದು ಸಿಗುತ್ತದೆ, ಚೀಟಿಯಲ್ಲಿ ಸಸ್ಯಾಹಾರಿಗಳಿಗೆ ಆಗುತ್ತದೆ ಅಂತ ಬರೆದಿರುತ್ತಾರೆ. ಪಾರ್ಮೆಸಾನ್ ಅನ್ನೋ ಹೆಸರು ಹಾಕೋ ಹಾಗಿಲ್ಲ, ಅದಕ್ಕೇ ಆ ಉದ್ದನೆಯ ಹೆಸರು. ರುಚಿಯಲ್ಲಿ ನಾಲ್ಕಾಣೆ ಕಮ್ಮಿ. ಮನಸ್ಸಿಗೆ ಹನ್ನೆರಡಾಣೆ ಜಾಸ್ತಿ. ಬ್ರಿಟಿಷ್ ಚೆಡ್ಡಾರ್‌ಗಳಲ್ಲಿ ಬಹುಪಾಲು ಪರವಾಗಿಲ್ಲ. ಮೊಝರೆಲಾದಲ್ಲಿ ಕೆಲವು ಆಗುತ್ತೆ, ಕೆಲವು ಆಗಲ್ಲ, ಓದಿಯೇ ಕೊಳ್ಳಬೇಕು.

ಇದೆಲ್ಲ ಗೊತ್ತಾದ ಮೇಲೆ ಹೋಟೆಲುಗಳಲ್ಲಿ ನಾನು ಕೇಳುವ ಪ್ರಶ್ನೆಗಳು ಜಾಸ್ತಿಯಾದವು. ಊರಿನ ನಡುವೆ ಬೆಲೆ ಜೋರಾದ ಒಂದು ಜಾಗದಲ್ಲಿ ವೆಜ್ ಲಸಾನ್ಯದ ಚೀಸ್‌ನಲ್ಲಿ ಯಾವ ರೆನೆಟ್ ಅಂತ ಕೇಳಿದೆ. ಮಾಣಿ ಒಳಗೆ ಹೋಗಿ ಬಂದು, ಚಿಂತೆ ಮಾಡಬೇಡಿ, ಚೀಸ್‌ನಲ್ಲಿ ಗ್ಲುಟೆನ್ ಇಲ್ಲ ಅಂದ. ಗ್ಲುಟೆನ್ ಅಂದರೆ ಗೋಧಿಯ ಅಂಟು. ನಾನೂ ಥ್ಯಾಂಕ್ಸ್ ಅಂದೆ. ಇನ್ನೇನು ಮಾಡೋದು.

ಆಮೇಲೆ ಒಂದು ಜುಲೈನಲ್ಲಿ ಕ್ಲರ್ಕನ್‌ವೆಲ್‌ಗೆ ಹೋದೆ. ಅದು ಲಂಡನ್ನಿನ ಹಳೆಯ ಇಟಾಲಿಯನ್ ಕೇರಿ. 1863ರಲ್ಲಿ ಕಟ್ಟಿದ ಸೇಂಟ್ ಪೀಟರ್ಸ್ ಇಟಾಲಿಯನ್ ಚರ್ಚ್ ಅಲ್ಲಿದೆ, ಪಕ್ಕದಲ್ಲೇ ಹಳೆಯ ಇಟಾಲಿಯನ್ ದಿನಸಿ ಅಂಗಡಿ. ಪ್ರತಿ ಜುಲೈನಲ್ಲಿ ಅಲ್ಲಿ ಮೌಂಟ್ ಕಾರ್ಮೆಲ್ ಮಾತೆಯ ಮೆರವಣಿಗೆ ಹೊರಡುತ್ತದೆ. ಹೋದರೆ ನಮ್ಮ ಜಾತ್ರೆಯೇ ಅನ್ನಿಸುತ್ತದೆ. ಬಿಳಿ ಅಂಗಿಯ ಮಕ್ಕಳು, ಹೆಗಲ ಮೇಲೆ ದೇವರು, ಹೂ, ಬ್ಯಾಂಡು, ಬಿಸಿಲಲ್ಲಿ ಬೈಯುತ್ತಾ ನಡೆಯುವ ಅಜ್ಜಿಯರು. ಚರ್ಚಿನ ಹಿಂದಿನ ತಗ್ಗಿನ ಬೀದಿಯಲ್ಲಿ ತಿಂಡಿ ಅಂಗಡಿಗಳು. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಜೆನೊವಾ ಊರಿನವಳಾದ ನನ್ನ ಸಹೋದ್ಯೋಗಿ. ಅವಳ ಮುಂದೆ ನನ್ನ ಗೋಳನ್ನೆಲ್ಲ ತೋಡಿಕೊಂಡೆ. ನೀರು, ಕರು, ಮಾಣಿ, ಎಲ್ಲ.

ಅವಳು ಕೇಳಿದ್ದು ಒಂದೇ. ನೀನು ಯಾಕೆ ಬೊಲೋನ್ಯದ್ದನ್ನೇ ಹುಡುಕ್ತೀಯ?

ನನಗೆ ಅರ್ಥ ಆಗಲಿಲ್ಲ. ಲಸಾನ್ಯದಲ್ಲಿ ಊರೂರಿಗೆ ಬೇರೆ ಅಂತ ನನಗೆ ಗೊತ್ತೇ ಇರಲಿಲ್ಲ. ನಮ್ಮಲ್ಲಿ ಸಾರು ಅಂದರೆ ಯಾವ ಸಾರು, ಯಾವ ಊರಿನ ಸಾರು ಅಂತ ಕೇಳ್ತೀವಿ ಅಲ್ವಾ, ಹಾಗೆ. ಬೊಲೋನ್ಯದಲ್ಲಿ ಪಾಲಕ್ ಕಲಸಿದ ಹಸಿರು ಹಾಳೆ, ರಗೂ ಅನ್ನೋ ಮಾಂಸದ ಸಾಸ್, ಹಾಲಿನ ಬಿಳಿ ಸಾಸ್. ಆ ರಗೂ ಹೀಗೇ ಇರಬೇಕು ಅಂತ 1982ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿಯೇ ಬಿಟ್ಟಿದ್ದಾರೆ. ನೇಪಲ್ಸ್ ಕಡೆ ಬಿಳಿ ಸಾಸ್ ಇಲ್ಲ, ರಿಕೊಟ್ಟಾ ಚೀಸು, ಪುಟ್ಟ ಪುಟ್ಟ ಮಾಂಸದ ಉಂಡೆ, ಅದು ಕಾರ್ನಿವಾಲ್ ಹಬ್ಬದ ಅಡುಗೆ. ಜೆನೊವಾ ಇರುವ ಅವಳ ಲಿಗೂರಿಯಾ ಸೀಮೆಯಲ್ಲಿ ಪೆಸ್ತೊ ಹಚ್ಚಿ ಮಾಡುತ್ತಾರೆ. ತುಳಸಿಯ ದಾಯಾದಿ ಬೇಸಿಲ್ ಎಲೆ, ಪೈನ್ ಬೀಜ, ಬೆಳ್ಳುಳ್ಳಿ, ಕಲ್ಲುಪ್ಪು, ಚೀಸ್, ಆಲಿವ್ ಎಣ್ಣೆ, ಒರಳಲ್ಲಿ ಕುಟ್ಟಿದ್ದು. ಅದು, ಬಿಳಿ ಸಾಸ್, ತೆಳ್ಳನೆ ಹಾಳೆ. ಮುಗಿಯಿತು. ಅವರ ಭಾಷೆಯಲ್ಲಿ ಆ ತೆಳ್ಳನೆ ಹಾಳೆಗೆ ರೇಷ್ಮೆ ಕರವಸ್ತ್ರ ಅನ್ನುತ್ತಾರಂತೆ. ಅದರಲ್ಲಿ ಮಾಂಸ ಇರಲೇ ಇಲ್ಲ, ತೆಗೆಯೋ ಪ್ರಶ್ನೆಯೇ ಇಲ್ಲ.

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಊರಲ್ಲಿ ಯಾರಾದರೂ ಸೋಯಾ ಉಂಡೆ ಹಾಕಿ ಕೋಳಿ ಸಾರು ಮಾಡಿದರೆ ನಾನೇ ಮುಖ ತಿರುಗಿಸುತ್ತೇನೆ. ಎಣಗಾಯಿಗೆ ಯಾವ ಮಾಂಸದ ನೆನಪೂ ಇಲ್ಲ, ಅದಕ್ಕೇ ಅದು ಅಷ್ಟು ಚೆಂದ. ಮೂರು ವರ್ಷ ನಾನು ಈ ಊರಲ್ಲಿ ಮಾಂಸ ಕಿತ್ತು ಹಾಕಿದ ಜಾಗದಲ್ಲಿ ಕೊರ್ಜೆಟ್ ತುಂಬಿದ್ದನ್ನು ತಿಂದು ಲಸಾನ್ಯವೇ ಸರಿ ಇಲ್ಲ ಅಂತ ಬೈಯುತ್ತಾ ಓಡಾಡಿದ್ದೆ.

ಇನ್ನೊಂದು ಮಜಾ ಗೊತ್ತಾ. ಇಂಗ್ಲೆಂಡಿನ ರಾಜ ಎರಡನೇ ರಿಚರ್ಡನ ಅಡುಗೆಯವರು 1390ರ ಸುಮಾರಿಗೆ ಬರೆದಿಟ್ಟ ‘ಫೋರ್ಮ್ ಆಫ್ ಕ್ಯೂರಿ’ ಅನ್ನೋ ಅಡುಗೆ ಸುರುಳಿಯಲ್ಲಿ ಲೋಸೆನ್ಸ್ ಅಂತ ಒಂದು ಪದಾರ್ಥ ಇದೆ. ಹಿಟ್ಟು ನೀರಲ್ಲಿ ಕಲಸಿ ಕಾಗದದ ಹಾಗೆ ತೆಳ್ಳಗೆ ಲಟ್ಟಿಸಿ, ಒಣಗಿಸಿ, ಸಾರಿನಲ್ಲಿ ಬೇಯಿಸಿ, ತುರಿದ ಚೀಸು ಮತ್ತು ಸಿಹಿ ಮಸಾಲೆ ಪುಡಿಯ ಜೊತೆ ಎರಡು ಮೂರು ಪದರ ಜೋಡಿಸಿ ಬಡಿಸುವುದು. ಟೊಮೆಟೊ ಇಲ್ಲ, ಅದಿನ್ನೂ ಅಮೆರಿಕ ದಾಟಿ ಯುರೋಪಿಗೆ ಬಂದಿರಲಿಲ್ಲ. ಪದರದ ನಡುವೆ ಮಾಂಸವೂ ಇಲ್ಲ. ಇದನ್ನು ಹಿಡಿದುಕೊಂಡು ಲಸಾನ್ಯ ಕಂಡುಹಿಡಿದವರು ನಾವೇ ಅಂತ ಇಲ್ಲಿಯ ಕೆಲವರು ವಾದ ಮಾಡಿದ್ದೂ ಉಂಟು. ಜೆನೊವಾದವಳ ಮುಂದೆ ಇದನ್ನು ಹೇಳಿದೆ. ಹೇಳಬಾರದಿತ್ತು.

ಹೋಟೆಲಿನಲ್ಲಿ ಪೆಸ್ತೊ ಲಸಾನ್ಯ ಸಿಕ್ಕರೂ ಚೀಸ್ ಸಮಸ್ಯೆ ಹಾಗೇ ಇರುತ್ತಲ್ಲ, ಪೆಸ್ತೊದಲ್ಲೇ ಪಾರ್ಮಿಜಾನೊ ಇರುತ್ತದೆ. ಮನೆಯಲ್ಲೇ ಮಾಡೋದು ಅಂತಾಯ್ತು. ಡಬ್ಬಿಯ ಒಣ ಹಾಳೆ ಬೇಡ, ಹಾಳೆಯನ್ನೂ ನಾನೇ ಮಾಡ್ತೀನಿ ಅಂತ ಹಟ. ಉತ್ತರದ ಇಟಲಿಯಲ್ಲಿ ಮೈದಾಕ್ಕೆ ಮೊಟ್ಟೆ ಒಡೆದು ಕಲಸುತ್ತಾರೆ, ನೂರು ಗ್ರಾಂ ಹಿಟ್ಟಿಗೆ ಒಂದು. ನನ್ನ ಕೇಕ್ ನಿಯಮ ಅಲ್ಲಿ ಸೋತಿತು, ನಾನೇ ಒಡೆದರೆ ಕಾಣದೆ ಇರುತ್ತಾ? ದಕ್ಷಿಣ ಇಟಲಿಯದ್ದು ಬರೀ ಡ್ಯೂರಮ್ ಗೋಧಿಯ ರವೆ ಮತ್ತು ನೀರು. ಡ್ಯೂರಮ್ ಯಾವುದು ಅಂತ ಹುಡುಕುತ್ತಾ ಹೋದರೆ ಅದು ನಮ್ಮ ಬನ್ಸಿ ಗೋಧಿಯ ಜಾತಿಯೇ! ನಮ್ಮ ಮನೆಯ ಉಪ್ಪಿಟ್ಟಿನ ರವೆ. ಬೇಸಿಗೆಯಲ್ಲಿ ಅಜ್ಜಿ, ದೊಡ್ಡಮ್ಮಂದಿರು ಅಂಗಳದಲ್ಲಿ ಕೂತು ಶಾವಿಗೆ ಎಳೆದು ಹಗ್ಗಕ್ಕೆ ಹಾಕಿ ಒಣಗಿಸುತ್ತಿದ್ದದ್ದು, ಗವಲಿ ಹೊಸೆಯುತ್ತಿದ್ದದ್ದು ನೆನಪಾಯಿತು. ಪಾಸ್ತಾ ಕಾರ್ಖಾನೆಯಲ್ಲೇ ಬೆಳೆದಿದ್ದೆ, ಆ ಹೆಸರು ಗೊತ್ತಿರಲಿಲ್ಲ ಅಷ್ಟೇ.

ಲಂಡನ್ನಿನ ವೆಂಬ್ಲಿ ಬಡಾವಣೆಯ ಅಂಗಡಿಯಿಂದ ಬನ್ಸಿ ರವೆ ತಂದೆ. ಮೊದಲ ಸಲ ಹಾಳೆ ಲಟ್ಟಿಸಿದರೆ ಮರಳಿನ ಹಾಗೆ ಉದುರಿತು. ಅಮ್ಮನಿಗೆ ವಿಡಿಯೊ ಕರೆ ಮಾಡಿದೆ. ಅವಳು ತಟ್ಟೆ ನೋಡಿ, ಹೋಳಿಗೆಗೆ ಕಣಕ ಹೆಂಗ ಮಾಡ್ತೀವಿ ಮರೆತ್ಯಾ, ನೆನಿಲಿಕ್ಕೆ ಬಿಡಬೇಕು, ಕುಟ್ಟಬೇಕು ಅಂದಳು. ಸರಿ, ಮಿಕ್ಸಿಯಲ್ಲಿ ರವೆಯನ್ನು ಇನ್ನೂ ನುಣ್ಣಗೆ ತಿರುವಿದೆ. ಬೆಚ್ಚನೆ ನೀರು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಟ್ಟೆ. ಆಮೇಲೆ ನಾದಿದೆ. ಮೊದಲ ಐದು ನಿಮಿಷ ಹಿಟ್ಟು ಬಿರುಕು ಬಿಟ್ಟು ನನ್ನನ್ನೇ ನೋಡುತ್ತಿತ್ತು. ಹತ್ತು ನಿಮಿಷಕ್ಕೆ ಮೇಲ್ಮೈ ನುಣುಪಾಯಿತು, ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ನಿಧಾನವಾಗಿ ಮೇಲೆ ಬರತೊಡಗಿತು. ಬಣ್ಣ ತಿಳಿ ಹಳದಿ, ಬೆಣ್ಣೆಯ ಹಾಗೆ. ಲಟ್ಟಣಿಗೆಯಲ್ಲಿ ಅಂಗೈ ನೋಯುವ ತನಕ ಲಟ್ಟಿಸಿ ಕಿಟಕಿಗೆ ಹಿಡಿದರೆ ಹೊರಗಿನ ಬಸ್ ಮಸುಕಾಗಿ ಕೆಂಪಗೆ ಕಂಡಿತು. ಅಷ್ಟು ತೆಳು. ಮೂಲೆಗಳು ಮಾತ್ರ ದಪ್ಪ.

ಬಿಳಿ ಸಾಸ್‌ಗೆ ಐವತ್ತು ಗ್ರಾಂ ಬೆಣ್ಣೆ, ಐವತ್ತು ಗ್ರಾಂ ಮೈದಾ, ಹಸಿ ವಾಸನೆ ಹೋಗುವ ತನಕ ಹುರಿದು, ಮುಕ್ಕಾಲು ಲೀಟರ್ ಹಾಲು, ಕೊನೆಗೆ ಜಾಯಿಕಾಯಿ ತುರಿ. ಸ್ವಲ್ಪ ತೆಳ್ಳಗೇ ಇರಲಿ, ಒಲೆಯಲ್ಲಿ ಗಟ್ಟಿಯಾಗುತ್ತದೆ. ಬೇಯಿಸಿದ ಆಲೂಗಡ್ಡೆ ಮತ್ತು ಬೀನ್ಸ್ ಚೂರುಗಳನ್ನೂ ಅಲ್ಲಲ್ಲಿ ಹಾಕಿದೆ, ಲಿಗೂರಿಯಾದಲ್ಲಿ ಪೆಸ್ತೊ ಜೊತೆ ಅದು ಇದ್ದದ್ದೇ. ಪ್ರತಿ ಪದರಕ್ಕೂ ಪೆಸ್ತೊ, ಸಾಸ್ ತೀರಾ ಕಮ್ಮಿ ಹಚ್ಚಬೇಕು, ದೋಸೆಗೆ ಚಟ್ನಿ ಸವರಿದ ಹಾಗೆ. ಏಳು ಪದರ ಬಂತು. ಒಲೆಯಿಂದ ತೆಗೆದ ಮೇಲೆ ಇಪ್ಪತ್ತು ನಿಮಿಷ ಮುಟ್ಟಲಿಲ್ಲ. ಇಂದಿರಾನಗರದ ನಾಲಿಗೆ ನೆನಪಿತ್ತು. ಕತ್ತರಿಸಿದಾಗ ತುಂಡು ನೆಟ್ಟಗೆ ನಿಂತಿತು, ತಟ್ಟೆಯಲ್ಲಿ ಒಂದು ಹನಿ ನೀರಿಲ್ಲ. ಬಾಯಲ್ಲಿ ಹಾಲು, ಹಸಿರೆಲೆ, ಗೋಧಿ. ಗೋಧಿಯ ರುಚಿ ಲಸಾನ್ಯದಲ್ಲಿ ನನಗೆ ಮೊದಲ ಸಲ ಸಿಕ್ಕಿದ್ದು.

ಸೋಮವಾರ ಒಂದು ತುಂಡು ಆಫೀಸಿಗೆ ಒಯ್ದೆ. ಜೆನೊವಾದವಳು ಮೊದಲು ಮೂಲೆಯನ್ನೇ ಕತ್ತರಿಸಿ ತಿಂದಳು. ದಪ್ಪ ಅಂದಳು. ಮಧ್ಯದ್ದು ತಿಂದು ಏನೂ ಅನ್ನಲಿಲ್ಲ, ಡಬ್ಬಿ ಮಾತ್ರ ಮರುದಿನ ವಾಪಸ್ ಕೊಡ್ತೀನಿ ಅಂದಳು.

ಈ ಜುಲೈಯಲ್ಲೂ ಮೆರವಣಿಗೆಗೆ ಹೋಗುತ್ತಿದ್ದೇನೆ. ಲಂಡನ್ ಕಡೆ ಇರುವವರು ಯಾರಾದರೂ ಬರುವುದಾದರೆ ಹೇಳಿ, ಒಂದು ತಟ್ಟೆ ಜಾಸ್ತಿ ಮಾಡಿ ತರ್ತೀನಿ. ಮೂಲೆಯ ತುಂಡುಗಳು ನನಗೇ ಇರಲಿ.